ರಾಣಿಪುರದ ದಾರಿಯಲ್ಲಿ ಎಳೆಯದೆ ನಿಂತ ಕಾರು: ಹೊರಡುವವರಿಗೆ ಕೆಲವು ಸೂಚನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ ರಾಣಿಪುರದ ಬೆಟ್ಟಕ್ಕೆ ಹೊರಡುವವರಿಗೆ ದಾರಿಗಳು ಎರಡು. ಕಾಸರಗೋಡಿಗೆ ಇಳಿದು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಸಾಗಿ, ನಮ್ಮ ಹಿರಿಯರು ಇಂದಿಗೂ ಹೊಸದುರ್ಗವೆಂದೇ ಕರೆಯುವ ಕಾಞಂಗಾಡಿನಲ್ಲಿ ಎಡಕ್ಕೆ ತಿರುಗಿ, ರಾಜಪುರಂ, ಕೋಳಿಚ್ಚಾಲ್ ಮಾರ್ಗವಾಗಿ ಪನತ್ತಡಿ ಸೇರುವುದು ಒಂದು. ಮುಳ್ಳೇರಿಯ, ಬಂದಡ್ಕಗಳ ಮೂಲಕ ಗುಡ್ಡದ ಮೈಯಲ್ಲೇ ಹೋಗಿ ಕೋಳಿಚ್ಚಾಲಿನಲ್ಲಿ ಅದೇ ರಸ್ತೆಯನ್ನು ಕೂಡಿಕೊಳ್ಳುವ ಮಲೆನಾಡು ಹೆದ್ದಾರಿ ಇನ್ನೊಂದು. ಎರಡನೆಯದರಲ್ಲಿ ವಾಹನಗಳು ಕಡಿಮೆ, ನೆರಳು ಹೆಚ್ಚು, ನೋಡಲು ಸೊಗಸು. ಕಾರು ಆರೋಗ್ಯವಾಗಿದ್ದರೆ ನಾನು ಈಗಲೂ ಅದನ್ನೇ ಆರಿಸಿಕೊಳ್ಳುತ್ತೇನೆ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಒಮ್ಮೆಯಾದರೂ ಹೊತ್ತಿ ಆರಿದ ಕಾರಿನಲ್ಲಿ ಆ ದಾರಿ ಹಿಡಿಯಬಾರದು ಎಂಬುದನ್ನು ಕಳೆದ ಅಕ್ಟೋಬರಿನ ಒಂದು ಶನಿವಾರ ನಾವು ಐದು ಮಂದಿ ರಸ್ತೆ ಬದಿಯಲ್ಲಿ ನಿಂತು ಕಲಿತುಕೊಂಡೆವು.

ಕಾರು 2017ರದು, ಪೆಟ್ರೋಲಿನದು, ಗೇರ್ ಕೈಯಲ್ಲಿ ಹಾಕುವಂಥದ್ದು. ಒಳಗೆ ನಾನು, ಹೆಂಡತಿ, ಮಗಳು, ಅಮ್ಮ ಮತ್ತು ಭಾವ. ಬಂದಡ್ಕ ದಾಟಿ ಮೂರು ಕಿಲೋಮೀಟರಿನಷ್ಟು ಹೋಗಿರಬಹುದು. ಎರಡನೆಯ ಗೇರಿನಲ್ಲಿ ಒಂದು ಏರುತಿರುವನ್ನು ಬಳಸುತ್ತಿದ್ದಾಗ ಆಕ್ಸಿಲರೇಟರನ್ನು ಪೂರ್ತಿ ತುಳಿದರೂ ಕಾರು ಎಳೆಯಲಿಲ್ಲ. ಎಂಜಿನ್ ನಿಂತಿರಲಿಲ್ಲ. ಆರ್‌ಪಿಎಂ ಮುಳ್ಳು 1500ರ ಆಸುಪಾಸಿನಲ್ಲಿ ಕಟ್ಟಿ ಹಾಕಿದಂತೆ ನಿಂತಿತ್ತು, ಎಂಜಿನ್ ಚಿತ್ರದ ಹಳದಿ ದೀಪದ ಜೊತೆಗೆ ಸ್ಟಿಯರಿಂಗಿನ ದೀಪ ಮತ್ತು ಎಬಿಎಸ್ ದೀಪಗಳು ಹೊತ್ತಿಕೊಂಡಿದ್ದವು, ಹಿಂದೆ ಬರುತ್ತಿದ್ದ ಬಸ್ಸು ಹಾರ್ನ್ ಮಾಡತೊಡಗಿತ್ತು. "ಮಗಾ, ಪೆಟ್ರೋಲ್ ಹಾಕಿಸಿದ್ದೀಯಲ್ಲ?" ಎಂದು ಅಮ್ಮ ಹಿಂದಿನ ಸೀಟಿನಿಂದ ಕೇಳಿದರು. ಹಾಕಿಸಿದ್ದೆ.

ಇಂಥ ಹೊತ್ತಿನಲ್ಲಿ ದೋಷ ಯಾವುದೆಂದು ಯೋಚಿಸುವ ಮೊದಲು ನಿಲ್ಲುವ ಜಾಗವನ್ನು ಯೋಚಿಸಬೇಕು. ಅರೆಶಕ್ತಿಯಲ್ಲಿಯಾದರೂ ಕಾರು ತೆವಳುತ್ತಿದ್ದರೆ, ತಿರುವಿನಲ್ಲಿ ನಿಲ್ಲಿಸದೆ ಹಜಾರ್ಡ್ ದೀಪ ಹಾಕಿಕೊಂಡು ಮೊದಲನೆಯ ಗೇರಿನಲ್ಲಿ ಹಿಂದಿನವರಿಗೂ ಎದುರಿನವರಿಗೂ ಕಾಣುವ ನೇರ ಜಾಗದವರೆಗೆ ಒಯ್ಯಬೇಕು. ಎಂಜಿನ್ ಪೂರ್ತಿ ಆರಿಹೋದರೆ ಸ್ಟಿಯರಿಂಗ್ ಬಿಗಿಯಾಗುತ್ತದೆ, ನಮ್ಮ ತುಳಿತಕ್ಕೆ ಬಲ ಕೂಡಿಸುವ ಬ್ರೇಕಿನ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತ ಎರಡು ಮೂರು ಸಲ ತುಳಿಯುವುದಕ್ಕಷ್ಟೇ ಸಾಕಾಗುತ್ತದೆ; ಆದ್ದರಿಂದ ಬ್ರೇಕನ್ನು ಪದೇ ಪದೇ ತುಳಿದು ಬಿಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕಾರು ಚಲಿಸುತ್ತಿರುವಾಗ ಕೀಲಿಯನ್ನು ಹೊರಗೆ ಎಳೆಯಲೇಬಾರದು, ಎಳೆದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ನಿಂತ ಮೇಲೆ ಹ್ಯಾಂಡ್ ಬ್ರೇಕ್, ಚಕ್ರದ ಹಿಂದೆ ಕಲ್ಲು, ತಿರುವಿಗಿಂತ ಹಿಂದೆಯೇ ಕಾಣುವಂತೆ ಕೆಂಪು ತ್ರಿಕೋನ. ಪ್ರಯಾಣಿಕರು ಕಾರಿನ ಹಿಂದೆ ನಿಲ್ಲದೆ ಗುಡ್ಡದ ಬದಿಗೆ ಸರಿದು ನಿಲ್ಲಬೇಕು. (ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಹಾಕುವುದನ್ನು ದಯವಿಟ್ಟು ಮರೆಯಬೇಡಿ. ನಮ್ಮ ಗುಡ್ಡದ ರಸ್ತೆಗಳಲ್ಲಿ ರಾತ್ರಿ ಬೈಕಿನವರನ್ನು ಬೀಳಿಸುವುದು ಲಾರಿಯವರು ಬಿಟ್ಟುಹೋದ ಇಂಥ ಕಲ್ಲುಗಳೇ.)

ಇನ್ನು ದೋಷದ ವಿಚಾರ. ಕಾರು ಶಕ್ತಿ ಕಳೆದುಕೊಂಡಿತು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರ ಹಿಂದೆ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ, ಮತ್ತು ಎರಡಕ್ಕೂ ಮಾಡಬೇಕಾದದ್ದು ಒಂದಕ್ಕೊಂದು ವಿರುದ್ಧವಾಗಿದೆ. ಮೊದಲನೆಯದು ಗ್ಯಾರೇಜಿನವರು ಲಿಂಪ್ ಮೋಡ್ ಎನ್ನುವ ಸ್ಥಿತಿ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲಿಗೂ ಎಂಜಿನ್ನಿಗೂ ನಡುವೆ ಹಿಂದಿನ ಕಾಲದ ಕೇಬಲ್ ಇಲ್ಲ. ಪೆಡಲಿನಲ್ಲಿ ಎರಡು ಸೆನ್ಸರ್, ಗಾಳಿಯನ್ನು ಒಳಬಿಡುವ ಥ್ರಾಟಲ್ ಬಾಡಿಯಲ್ಲಿ ಎರಡು ಸೆನ್ಸರ್ ಇರುತ್ತವೆ, ಈ ಜೋಡಿಗಳು ಹೇಳುವುದು ಪರಸ್ಪರ ತಾಳೆಯಾಗುತ್ತಿದೆಯೇ ಎಂದು ಇಸಿಯು ಎಂಬ ಗಣಕ ಸದಾ ನೋಡುತ್ತಿರುತ್ತದೆ. ತಾಳೆ ತಪ್ಪಿದರೆ ಕಾರು ತನ್ನಷ್ಟಕ್ಕೆ ನುಗ್ಗಿಬಿಡಬಾರದೆಂದು ಅದು ಎಂಜಿನ್ನನ್ನು ತಗ್ಗಿಸಿ ಇಡುತ್ತದೆ. ಇಲ್ಲಿ ಬ್ಯಾಟರಿ ಸರಿಯಾಗಿಯೇ ಇರುತ್ತದೆ. ಸುರಕ್ಷಿತ ಜಾಗದಲ್ಲಿ ಎಂಜಿನ್ ಆರಿಸಿ, ಕೀಲಿ ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಅನೇಕ ಸಲ ತಾತ್ಕಾಲಿಕವಾಗಿ ಶಕ್ತಿ ಮರಳುತ್ತದೆ.

ಎರಡನೆಯದರಲ್ಲಿ ಇಡೀ ಕಾರಿನ ವಿದ್ಯುತ್ತೇ ಕುಸಿಯುತ್ತಿರುತ್ತದೆ: ಎಂಜಿನ್ ಓಡುವಾಗ ವಿದ್ಯುತ್ತು ಉಂಟುಮಾಡುವ, ನಮ್ಮವರು ಡೈನಮೋ ಎನ್ನುವ ಆಲ್ಟರ್ನೇಟರ್ ಕೆಲಸ ಮಾಡುತ್ತಿಲ್ಲ, ಅಥವಾ ಅದರ ಸಂಪರ್ಕ ಕೆಟ್ಟಿದೆ, ಇದ್ದಷ್ಟು ಬ್ಯಾಟರಿಯ ಮೇಲೆ ಕಾರು ಓಡುತ್ತಿದೆ. ಇಂಥದರಲ್ಲಿ ಎಂಜಿನ್ ಆರಿಸಿದರೆ ಮತ್ತೆ ಸೆಲ್ಫ್ ಹೊಡೆಯುವ ಬಲವೇ ಇರುವುದಿಲ್ಲ. ಆಗ ಮಾಡಬೇಕಾದದ್ದು ಎಸಿ, ಸ್ಟೀರಿಯೋ, ಹಿಂದಿನ ಗಾಜಿನ ಹೀಟರ್ ಎಲ್ಲವನ್ನೂ ಆರಿಸಿ, ಎಂಜಿನ್ನನ್ನು ಆರಿಸದೆಯೇ, ಜನ ಮತ್ತು ಗ್ಯಾರೇಜು ಇರುವ ಹತ್ತಿರದ ಪೇಟೆಗೆ ಮುಟ್ಟುವುದು. ಎರಡನ್ನು ಬೇರ್ಪಡಿಸುವ ಬಗೆ ಸುಲಭ. ಬ್ಯಾಟರಿ ಚಿತ್ರದ ಕೆಂಪು ದೀಪ, ಮಂಕಾಗುತ್ತಿರುವ ಹೆಡ್‌ಲೈಟ್, ನಿಧಾನವಾಗಿ ಓಡುವ ವೈಪರ್, ಒಂದರ ಹಿಂದೆ ಒಂದಾಗಿ ಹೊತ್ತಿಕೊಳ್ಳುವ ಸಂಬಂಧವಿಲ್ಲದ ದೀಪಗಳು ಇವೆಲ್ಲ ಎರಡನೆಯದರ ಲಕ್ಷಣ. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಸಣ್ಣ ವೋಲ್ಟ್ ಮೀಟರ್ ಇದ್ದರೆ ಊಹೆಯೇ ಬೇಡ: ಎಂಜಿನ್ ಓಡುತ್ತಿರುವಾಗ ಅದು ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ತೋರಿಸಬೇಕು. ಕೆಲವು ಹೊಸ ಕಾರುಗಳು ಇಂಧನ ಉಳಿಸಲೆಂದು ಚಾರ್ಜಿಂಗನ್ನು ತಾವಾಗಿಯೇ ಇಳಿಸುವುದರಿಂದ ನಿಮ್ಮ ಕಾರಿನ ಎಂದಿನ ಅಂಕಿಯನ್ನು ಮೊದಲೇ ಗಮನಿಸಿಟ್ಟುಕೊಂಡಿರಿ.

ಆ ದಿನ ನನ್ನಲ್ಲಿ ಆ ಮೀಟರ್ ಇರಲಿಲ್ಲ. ಎಂಜಿನ್ ಆರಿಸಿಬಿಟ್ಟೆ. ಅದೃಷ್ಟಕ್ಕೆ ಮರಳಿ ಸ್ಟಾರ್ಟ್ ಆಯಿತು, ಆದರೆ ಸೆಲ್ಫಿನ ಸದ್ದು ಆಕಳಿಸಿದಂತೆ ಕೇಳಿತು. ಮುಂದೆ ಹೋದರೆ ಕಾಡು ಮತ್ತು ಏರು, ಹಿಂದೆ ಹೋದರೆ ಇಳಿಜಾರು ಮತ್ತು ಬಂದಡ್ಕ ಪೇಟೆ. ಭಾವನಿಗೆ ಮುಂದೆ ಹೋಗುವ ಮನಸ್ಸಿತ್ತು, "ಈಗ ಸರಿಯಾಯಿತಲ್ಲ" ಎಂದ. ನಾನು ಕಾರು ತಿರುಗಿಸಿದೆ. ಇಳಿಯುವಾಗಲೂ ನ್ಯೂಟ್ರಲ್ ಹಾಕದೆ ಎರಡನೆಯ ಗೇರಿನಲ್ಲೇ ಇಳಿಸಿದೆ. ಅರೆಜೀವದ ಎಂಜಿನ್ ನ್ಯೂಟ್ರಲಿನಲ್ಲಿ ಆರಿಹೋದರೆ ಅದರ ಬ್ರೇಕಿನ ಸಹಾಯವೂ ಹೋಗುತ್ತದೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಅಗತ್ಯ. ಇದಕ್ಕೆ ಮೂರು ವಾರ ಮೊದಲು ಕುಂಬಳೆಯ ಬಳಿ ಹಳದಿ ದೀಪ ಹೊತ್ತಿತ್ತು. ನಾನು ಕಾರನ್ನು ಒಂದು ದೊಡ್ಡ ಶೋರೂಮಿಗೆ ಒಯ್ದಿದ್ದೆ. ಅಲ್ಲಿ ಸ್ಕ್ಯಾನಿಂಗ್ ಮಾಡಿ, ಇಸಿಯು ದಾಖಲಿಸಿದ್ದ ದೋಷದ ಕೋಡ್ ಅಳಿಸಿ, "ಕ್ಲಿಯರ್ ಆಗಿದೆ, ಮತ್ತೆ ಬಂದರೆ ಥ್ರಾಟಲ್ ಬಾಡಿ ಬದಲಾಯಿಸೋಣ, ಹದಿನೆಂಟು ಸಾವಿರ ಆಗಬಹುದು" ಎಂದಿದ್ದರು. ಯಾವ ಕೋಡ್ ಬಂದಿತ್ತು ಎಂದು ನಾನು ಕೇಳಲಿಲ್ಲ, ಅವರು ಬರೆದುಕೊಡಲಿಲ್ಲ. ಕೋಡನ್ನು ಅಳಿಸುವಾಗ ಅದರ ಜೊತೆಗೆ ಇಸಿಯು ಹಿಡಿದಿಟ್ಟಿದ್ದ ಆ ಕ್ಷಣದ ವೇಗ, ಆರ್‌ಪಿಎಂ, ಎಂಜಿನ್ ಬಿಸಿ ಮುಂತಾದ ವಿವರಗಳೂ ಅಳಿಸಿಹೋಗುತ್ತವೆ. ಬಂದು ಹೋಗುವ ದೋಷವನ್ನು ಹಿಡಿಯಲು ಇರುವ ಮುಖ್ಯ ಸಾಕ್ಷ್ಯವೇ ಅದು. ಬ್ಯಾಟರಿಯ ವಯರನ್ನು ಬಿಚ್ಚಿ ಹಾಕಿದರೂ ಅನೇಕ ಕಾರುಗಳಲ್ಲಿ ಹೀಗೆಯೇ ಆಗುತ್ತದೆ, ಆದ್ದರಿಂದ ದಾರಿಯಲ್ಲಿ ಸಿಕ್ಕವರು "ಬ್ಯಾಟರಿ ಒಮ್ಮೆ ಬಿಚ್ಚಿ ಹಾಕಿ" ಎಂದರೆ, ಮೊದಲು ಕೋಡ್ ಓದಿಸದೆ ಒಪ್ಪಬೇಡಿ. 2013ರಿಂದೀಚೆಗಿನ ಬಹುಪಾಲು ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರನ್ನು ಕೊಂಡು, ಮೊಬೈಲಿನಲ್ಲಿ ಕೋಡನ್ನು ನೀವೇ ಓದಿ ಫೋಟೋ ತೆಗೆದಿಟ್ಟುಕೊಳ್ಳಬಹುದು. ನಾನು ಈಗ ಹಾಗೆ ಮಾಡುತ್ತೇನೆ.

ಬಂದಡ್ಕದಲ್ಲಿ ನಮಗೆ ಸಿಕ್ಕಿದ್ದು ಶಟರ್ ಅರ್ಧ ಎಳೆದಿದ್ದ ಒಂದು ಅಂಗಡಿಯ ಇಲೆಕ್ಟ್ರೀಷಿಯನ್. ಅಲ್ಲಿ ಬೋರ್ಡುಗಳೆಲ್ಲ ಮಲಯಾಳದಲ್ಲಿದ್ದರೂ ಕನ್ನಡ ಬಲ್ಲವರು ಸಾಕಷ್ಟು ಮಂದಿ ಇದ್ದಾರೆ. ಆತನೂ ಕನ್ನಡದಲ್ಲೇ ಮಾತಾಡಿದ. ಅವನ ಸಣ್ಣ ಸ್ಕ್ಯಾನರಿನಲ್ಲಿ ಎರಡು ಕೋಡ್ ಬಂದವು. ಪಿ 2135, ಅಂದರೆ ಥ್ರಾಟಲಿನ ಎರಡು ಸೆನ್ಸರುಗಳ ವೋಲ್ಟೇಜ್ ತಾಳೆಯಾಗುತ್ತಿಲ್ಲ. ಪಿ 0562, ಅಂದರೆ ಒಟ್ಟು ವ್ಯವಸ್ಥೆಯ ವೋಲ್ಟೇಜೇ ಕಡಿಮೆ. "ಇದನ್ನು ನೋಡಿದರೆ ಥ್ರಾಟಲ್ ಬಾಡಿ, ಅದನ್ನು ನೋಡಿದರೆ ಬೇರೆ" ಎಂದು ಆತ ಎರಡನೆಯ ಕೋಡಿನ ಮೇಲೆ ಬೆರಳಿಟ್ಟ. ಬಳಿಕ ಎಂಜಿನ್ ಸ್ಟಾರ್ಟ್ ಮಾಡಿಸಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿದ. ಎರಡೂ ಒಂದೇ ಅರ್ತಿನಲ್ಲಿ, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ಲೋಹದ ದಾರಿಯಲ್ಲಿ, ಇರಬೇಕಾದ್ದರಿಂದ ಅಲ್ಲಿ ಸೊನ್ನೆಯ ಹತ್ತಿರದ ಅಂಕಿ ಬರಬೇಕು, 0.2 ವೋಲ್ಟಿಗಿಂತ ಹೆಚ್ಚಾದರೆ ಸಂಶಯಪಡಬೇಕು. ನಮ್ಮದರಲ್ಲಿ 1.1 ಬಂತು.

"ಅಣ್ಣಾ, ಗಾಡಿಗೆ ಅರ್ತ್ ಸರಿಯಿಲ್ಲ. ಬ್ಯಾಟರಿ ಇತ್ತೀಚೆಗೆ ಬದಲಾಯಿಸಿದ್ದೀರಾ?"

ಆಗಸ್ಟಿನಲ್ಲಿ ಬದಲಾಯಿಸಿದ್ದೆ. ಆತ ಜಂಪರ್ ಕೇಬಲಿನ ಕಪ್ಪು ವಯರನ್ನು ತೆಗೆದು, ಒಂದು ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವಿಗೂ ಇನ್ನೊಂದನ್ನು ಎಂಜಿನ್ನಿನ ಎತ್ತುವ ಕೊಂಡಿಗೂ ಸಿಕ್ಕಿಸಿದ. ಮಂಕಾಗಿದ್ದ ಹೆಡ್‌ಲೈಟ್ ನಮ್ಮ ಕಣ್ಣೆದುರೇ ಬೆಳ್ಳಗಾಯಿತು, ಎಂಜಿನ್ನಿನ ನಡುಕ ನಿಂತಿತು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯ ಬೋಲ್ಟನ್ನು ಬಿಚ್ಚಿದಾಗ ಪಟ್ಟಿಯ ತುದಿಯ ಲೋಹದ ಲಗ್ಗಿನ ಕೆಳಗೆ ಹಸಿರು ಕಲೆತ ಬಿಳಿ ಪುಡಿ ಕಟ್ಟಿತ್ತು, ಹೆಣೆದ ತಾಮ್ರದ ಎಳೆಗಳಲ್ಲಿ ಅರ್ಧಕ್ಕರ್ಧ ತುಂಡಾಗಿದ್ದವು. ಬ್ಯಾಟರಿ ಹಾಕಿದವರು ಪಟ್ಟಿಯನ್ನು ತಿರುಚಿ ಬಿಗಿದಿದ್ದರು, ಮಳೆಗಾಲ ಉಳಿದ ಕೆಲಸವನ್ನು ಮಾಡಿತ್ತು. ಆಲ್ಟರ್ನೇಟರಿನ ವಿದ್ಯುತ್ತು ಮರಳಿ ಬರಬೇಕಾದ ದಾರಿಯೇ ಅದು. ಆ ದಾರಿ ಸಣ್ಣದಾದಾಗ ಬ್ಯಾಟರಿಗೆ ಚಾರ್ಜ್ ಸಾಲದು, ಸೆನ್ಸರುಗಳ ಲೆಕ್ಕವೂ ತಪ್ಪುತ್ತದೆ, ಏರಿನಲ್ಲಿ ಹೊರೆ ಹೆಚ್ಚಿದಾಗ ದೋಷ ಹೊರಬೀಳುತ್ತದೆ. ಎಮರಿ ಕಾಗದದಿಂದ ಉಜ್ಜಿ, ಹೊಸ ಅರ್ತ್ ವಯರ್ ಹಾಕಿ, ಮೇಲೆ ಗ್ರೀಸ್ ಸವರಿ ಆತ ತೆಗೆದುಕೊಂಡದ್ದು 650 ರೂಪಾಯಿ. ಥ್ರಾಟಲ್ ಬಾಡಿ ಇಂದಿಗೂ ಹಳೆಯದೇ ಇದೆ.

ಹಾಗೆಂದು ಎಲ್ಲರ ಕಾರಿನಲ್ಲೂ ಅರ್ತೇ ಕೆಟ್ಟಿರುತ್ತದೆ ಎನ್ನಲಾರೆ. ನಮ್ಮ ಕಡೆಯ ಕಾರುಗಳಿಗೆ ಇನ್ನೆರಡು ಶತ್ರುಗಳಿವೆ. ಅಡಿಕೆ, ತೆಂಗಿನಕಾಯಿ ದಾಸ್ತಾನಿನ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸುವ ಕಾರಿನ ವಯರಿಂಗನ್ನು ಇಲಿ ಕಡಿಯುತ್ತದೆ, ಕಡಿದದ್ದು ಪೂರ್ತಿ ತುಂಡಾಗದೆ ಒಂದೆರಡು ಎಳೆಯಲ್ಲಿ ಉಳಿದಿದ್ದರೆ ಕಾರು ಒಮ್ಮೆ ಸರಿ ಒಮ್ಮೆ ತಪ್ಪು ಎಂದು ಆಟವಾಡಿಸುತ್ತದೆ. ಮಳೆಗಾಲ ಮುಗಿದ ಮೇಲೆ ಕೆಸರು ತೆಗೆಯಲೆಂದು ಬಾನೆಟ್ ಎತ್ತಿ ಜೋರಾದ ನೀರು ಹೊಡೆಸುವುದು ಎರಡನೆಯದು. ವಯರುಗಳನ್ನು ಜೋಡಿಸುವ ಕಪ್ಲರುಗಳೊಳಗೆ ನೀರು ಹೋದರೆ ಅದು ತೋರುವುದು ವಾರಗಳ ಬಳಿಕ. ದೊಡ್ಡ ಹಾರ್ನ್, ಫಾಗ್ ಲೈಟ್, ಕ್ಯಾಮೆರಾ ಎಂದು ಮೂಲ ವಯರನ್ನು ಕತ್ತರಿಸಿ ಜೋಡಿಸಿದವರು ಆ ಜೋಡಣೆಗಳನ್ನೂ ಒಮ್ಮೆ ತೋರಿಸಿಕೊಳ್ಳಬೇಕು.

ಹೊರಡುವ ವಾರ ಮೊದಲೇ ಅರ್ತ್ ಪರೀಕ್ಷೆ ಮತ್ತು ಚಾರ್ಜಿಂಗ್ ಪರೀಕ್ಷೆ ಮಾಡಿಸಿ, ಹತ್ತು ನಿಮಿಷದ ಕೆಲಸ. ಕಾರಿನಲ್ಲಿ ಜಂಪರ್ ಕೇಬಲ್, ವೋಲ್ಟ್ ಮೀಟರ್, ಹತ್ತು ಎಂಎಂ ಸ್ಪ್ಯಾನರ್, ಕೆಲವು ಫ್ಯೂಸ್, ಟಾರ್ಚ್ ಇರಲಿ. ವಿಮೆಯಲ್ಲಿ ರಸ್ತೆ ಬದಿ ನೆರವಿನ ಸೌಲಭ್ಯ ಇದೆಯೇ, ಅದು ಕೇರಳದ ಗುಡ್ಡದೂರಿಗೂ ಬರುತ್ತದೆಯೇ ಎಂದು ಫೋನು ಮಾಡಿ ಮೊದಲೇ ಕೇಳಿಕೊಳ್ಳಿ. 1033 ಸಹಾಯವಾಣಿ ರಾಷ್ಟ್ರೀಯ ಹೆದ್ದಾರಿಗಳಿಗೆ ಮೀಸಲು, ಬಂದಡ್ಕದ ದಾರಿ ಅದರ ವ್ಯಾಪ್ತಿಗೆ ಬಾರದು. ಅಪಾಯದ ಸಂದರ್ಭದಲ್ಲಿ 112 ಇದೆ. ಆಟೋಮ್ಯಾಟಿಕ್ ಕಾರಾದರೆ ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ, ಹಗ್ಗ ಕಟ್ಟಿ ಎಳೆಯಿಸಿದರೆ ಗೇರ್ ಬಾಕ್ಸಿಗೇ ಹಾನಿಯಾಗಬಹುದು. ಕಾರನ್ನು ಪೂರ್ತಿ ಮೇಲೆ ಹತ್ತಿಸಿಕೊಳ್ಳುವ ಲಾರಿಯನ್ನೇ ಕರೆಸಬೇಕು.

ರಾಣಿಪುರಕ್ಕೆ ನಾವು ಆ ದಿನ ತಲುಪಲಿಲ್ಲ; ಡಿಸೆಂಬರಿನಲ್ಲಿ ಹೋದೆವು. ಹಿಂದೆ ಮಾಡತ್ತುಮಲೆ ಎಂದು ಕರೆಯುತ್ತಿದ್ದ ಈ ಬೆಟ್ಟಕ್ಕೆ ಪನತ್ತಡಿಯಿಂದ ಮೇಲಿನ ರಸ್ತೆ ಕಡಿದಾಗಿದೆ, ಕಾರಿನ ಮೇಲೆ ಪೂರ್ತಿ ನಂಬಿಕೆಯಿಲ್ಲದವರು ಕೆಳಗೆ ನಿಲ್ಲಿಸಿ ಬಾಡಿಗೆ ಜೀಪು ಹಿಡಿಯುವುದು ವಾಸಿ. ಅರಣ್ಯ ಇಲಾಖೆಯ ಟಿಕೆಟ್ ಪಡೆದು ಕಾಡಿನ ನಡುವೆ ಹತ್ತಿದರೆ ಮೇಲೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಮಳೆ ಬಿಡುವ ಮೊದಲು ಹೋಗುವವರು ಉಂಬಳಗಳಿಗೆ (ಜಿಗಣೆಗಳಿಗೆ) ಉಪ್ಪು ಕಟ್ಟಿಕೊಂಡು ಹೋಗಬೇಕು. ಅಮ್ಮ ಕೆಳಗೆ ನೆರಳಿನಲ್ಲಿ ಕುಳಿತರು, ನಾವು ಹತ್ತಿ ಬಂದೆವು.

ಮರಳುವಾಗ ಭಾವನಿಗೆ ಪಾಣತ್ತೂರಿನಿಂದ ಕರಿಕೆಯ ಮೂಲಕ ಭಾಗಮಂಡಲಕ್ಕೆ ದಾಟಿಬಿಡುವ ಆಸೆಯಾಯಿತು. ಅದು ಕಿರಿದಾದ ಕಾಡುದಾರಿ, ಮೊಬೈಲಿಗೆ ಸಿಗ್ನಲ್ ಸಿಗದ ಜಾಗಗಳೇ ಹೆಚ್ಚು. ನಾನು ಲೈಟರಿನ ತೂತಿನಲ್ಲಿದ್ದ ಮೀಟರನ್ನು ನೋಡಿದೆ, 14.1 ಇತ್ತು, ಗಂಟೆ ನೋಡಿದೆ, ಮೂರೂವರೆ ಆಗಿತ್ತು. ಕೋಳಿಚ್ಚಾಲಿನ ಕಡೆಗೇ ತಿರುಗಿಸಿದೆ.