ಸ್ಟೇಟ್ ಲೈನ್ ದಾಟಿ ಬಂದವರು

ಮಾರ್ಚ್ 30, 2025, ಭಾನುವಾರ
ಓವರ್‌ಲ್ಯಾಂಡ್ ಪಾರ್ಕ್, ಕ್ಯಾನ್ಸಸ್

ಊರಲ್ಲಿ ಇವತ್ತು ಯುಗಾದಿ. ಇಲ್ಲಿನ ಪಂಚಾಂಗದ ಲೆಕ್ಕದಲ್ಲಿ ನಿನ್ನೆಯೇ ಮುಗಿಯಿತು. ಬೆಳಿಗ್ಗೆ ಗದಗಿಗೆ ಫೋನ್ ಮಾಡಿ ಅಪ್ಪ ಅವ್ವನ ಹತ್ತಿರ ಮಾತಾಡಿ, ಈಗ ಬರೆಯಲು ಕೂತಿದ್ದೇನೆ. ಹಬ್ಬದ ಬಗ್ಗೆ ಅಲ್ಲ. ಇವತ್ತಿಗೆ ಸರಿಯಾಗಿ 170 ವರ್ಷದ ಹಿಂದೆ, 1855ರ ಮಾರ್ಚ್ 30ರಂದು, ನಾವಿರುವ ಈ ನೆಲದಲ್ಲಿ ಶಾಸನಸಭೆಗೆ ಒಂದು ಚುನಾವಣೆ ನಡೆಯಿತು. ಒಂದು ವಾರದಿಂದ ತಲೆಯಲ್ಲಿ ಅದೇ ಓಡುತ್ತಿದೆ.

ನಮ್ಮ ಮನೆಯಿಂದ ಪೂರ್ವಕ್ಕೆ ಹೋದರೆ ಸ್ಟೇಟ್ ಲೈನ್ ರೋಡ್ ಸಿಗುತ್ತದೆ. ರಸ್ತೆಯ ಈ ಕಡೆ ಕ್ಯಾನ್ಸಸ್, ಆ ಕಡೆ ಮಿಸೌರಿ. ಆಫೀಸಿಗೆ ಹೋಗುವಾಗ ದಿನಾ ದಾಟುತ್ತೇನೆ. ಇಲ್ಲಿಗೆ ಬಂದು ಆರು ವರ್ಷವಾಯಿತು, ಆ ಗೆರೆಯ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಹೋದ ವಾರ ಮಗಳು ಶಾಲೆಗೆ ಅಂತ ಒಂದು ನಕ್ಷೆಗೆ ಬಣ್ಣ ಹಾಕಿದಳು, ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇವೆ. 1854ರ ಅಮೆರಿಕ. ಗುಲಾಮಗಿರಿ ಇದ್ದ ರಾಜ್ಯಗಳಿಗೆ ಒಂದು ಬಣ್ಣ, ಇಲ್ಲದ ರಾಜ್ಯಗಳಿಗೆ ಇನ್ನೊಂದು. ಕ್ಯಾನ್ಸಸ್, ನೆಬ್ರಾಸ್ಕಾ ಎರಡಕ್ಕೆ ಮೂರನೆಯ ಬಣ್ಣ: ಇಲ್ಲಿ ಇನ್ನೂ ತೀರ್ಮಾನ ಆಗಿಲ್ಲ, ಜನ ವೋಟ್ ಹಾಕಿ ತೀರ್ಮಾನಿಸಬೇಕು. ನೀರು ಕುಡಿಯಲು ಹೋದಾಗಲೆಲ್ಲ ಅದರ ಮುಂದೆ ನಿಂತುಬಿಡುತ್ತೇನೆ. ಮನುಷ್ಯರನ್ನು ಕೊಳ್ಳಬಹುದಾ, ಮಾರಬಹುದಾ ಅನ್ನುವುದನ್ನು ವೋಟಿಗೆ ಹಾಕಿದ್ದ ಜಾಗದಲ್ಲಿ ನಾವು ಮನೆ ಮಾಡಿಕೊಂಡಿದ್ದೇವೆ.

ಜಗಳ ಬೆಳೆದದ್ದು ಹೊಸ ಜಮೀನಿನ ಮೇಲೆ. ಹಳೆಯ ರಾಜ್ಯಗಳ ಗುಲಾಮಗಿರಿಯನ್ನು ಮುಟ್ಟುವ ಧೈರ್ಯ ವಾಷಿಂಗ್ಟನ್ನಿನಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಆದರೆ ದೇಶ ಪಶ್ಚಿಮಕ್ಕೆ ಹಿಗ್ಗಿದ ಹಾಗೆಲ್ಲ ಪ್ರತಿಸಲ ಅದೇ ಪ್ರಶ್ನೆ ಎದ್ದು ನಿಲ್ಲುತ್ತಿತ್ತು, ಈ ಹೊಸ ನೆಲ ಯಾರ ಕಡೆಗೆ? 1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು 1.5 ಕೋಟಿ ಡಾಲರಿಗೆ ಕೊಂಡರು. ಅದರಿಂದ ಮಿಸೌರಿ ರಾಜ್ಯ ಮಾಡಲು ಹೊರಟಾಗ ದೊಡ್ಡ ಗಲಾಟೆ ಆಯಿತು. 1820ರಲ್ಲಿ ಒಂದು ರಾಜಿಗೆ ಬಂದರು. ಮಿಸೌರಿಯಲ್ಲಿ ಗುಲಾಮಗಿರಿ ಇರಲಿ, ಮೇನ್ ರಾಜ್ಯದಲ್ಲಿ ಬೇಡ. ಲೂಸಿಯಾನಾ ಪ್ರದೇಶದ ಉಳಿದ ಭಾಗದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶದಿಂದ ಉತ್ತರಕ್ಕೆ ಎಂದೂ ಬೇಡ. ಆಗ ಮುದುಕರಾಗಿದ್ದ ಮಾಜಿ ಅಧ್ಯಕ್ಷ ಜೆಫರ್ಸನ್, ಈ ವಿಷಯ ನಡುರಾತ್ರಿಯ ಬೆಂಕಿಗಂಟೆಯ ಹಾಗೆ ತಮ್ಮನ್ನು ಬೆಚ್ಚಿ ಏಳಿಸಿತು ಅಂತ ಒಂದು ಪತ್ರದಲ್ಲಿ ಬರೆದರು. ಅವರ ಜಮೀನಿನಲ್ಲೂ ಗುಲಾಮರೇ ದುಡಿಯುತ್ತಿದ್ದರು.

ಆಮೇಲೆ ಮೆಕ್ಸಿಕೋ ಜೊತೆ ಯುದ್ಧ. 1848ರಲ್ಲಿ ಕ್ಯಾಲಿಫೋರ್ನಿಯಾದಿಂದ ನ್ಯೂ ಮೆಕ್ಸಿಕೋವರೆಗಿನ ನೆಲ ಕೈಗೆ ಬಂತು, ಅದೇ ವರ್ಷ ಚಿನ್ನವೂ ಸಿಕ್ಕಿತು. 1850ರಲ್ಲಿ ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಸೇರಿದಾಗ ಲೆಕ್ಕ 16ಕ್ಕೆ 15 ಆಯಿತು, ಸೆನೆಟ್‌ನಲ್ಲಿ ಇದ್ದ ಸಮಬಲ ತಪ್ಪಿತು. ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳವರನ್ನು ಸಮಾಧಾನ ಮಾಡಲು ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಾನೂನನ್ನು ಬಿಗಿ ಮಾಡಿದರು. ಆ ಕಾನೂನಿನ ಒಂದು ಸಾಲು ಓದಿ ನನಗೆ ಮೈ ಉರಿದುಹೋಯಿತು. ಹಿಡಿದು ತಂದವರ ವಿಚಾರಣೆ ಮಾಡುವ ಕಮಿಷನರ್, ಅವರನ್ನು ವಾಪಸ್ ಮಾಲೀಕನಿಗೆ ಕೊಟ್ಟರೆ 10 ಡಾಲರ್ ಫೀಸು, ಬಿಡುಗಡೆ ಮಾಡಿದರೆ 5 ಡಾಲರ್. ಕಾನೂನಿನಲ್ಲೇ ಬರೆದಿಟ್ಟದ್ದು ಇದು, ಗುಟ್ಟಿನ ಲಂಚ ಅಲ್ಲ.

ಇದೆಲ್ಲದರ ಹಿಂದೆ ಇದ್ದದ್ದು ಹತ್ತಿ. ಬೆಳಿಗ್ಗೆ ಅಪ್ಪನಿಗೆ ಇದನ್ನೇ ಹೇಳುತ್ತಿದ್ದೆ. ಅಪ್ಪ ಗದಗಿನ ಹತ್ತಿ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. 1860ರ ಹೊತ್ತಿಗೆ ಇಂಗ್ಲೆಂಡಿನ ಮಿಲ್ಲುಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ್ದು, ಆಗ ಇಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು ಅಂದೆ. "ನಮ್ಮ ಕಡೆ ಅಮೇರಿಕನ್ ಹತ್ತಿ ಅಂತಿದ್ರಲ್ಲಪಾ, ಅದು ಅಲ್ಲಿಂದನ ಬಂದದ್ದೇನು?" ಅಂತ ಕೇಳಿದರು. ಹೌದು, ಅಲ್ಲಿಂದಲೇ. 1840ರ ದಶಕದಲ್ಲಿ ಬ್ರಿಟಿಷರು ನ್ಯೂ ಆರ್ಲಿಯನ್ಸ್ ಬೀಜ ತಂದು ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ಬೆಳೆಸಿದರು. 1861ರಲ್ಲಿ ಇಲ್ಲಿನ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಂಗಾರದ ರೇಟು ಬಂತು, ಕಾರವಾರ ಬಂದರು ಬೆಳೆಸುವ ಓಡಾಟ ಜೋರಾಯಿತು, ಯುದ್ಧ ಮುಗಿದ ಮೇಲೆ ರೇಟು ಬಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾರ ಅಲ್ಲಿ ಹತ್ತಿ ಬಿಡಿಸೋರ ಹೆಸರಿಗೆ ಕೂಲಿ ಖಾತೆನ ಇರಲಿಲ್ಲ ಅಂದಂಗಾತು" ಅಂದರು. ಆಮೇಲೆ ಅವ್ವ ಹೋಳಿಗೆ ಆಯ್ತೇನು ಅಂತ ಫೋನ್ ಕಸಿದುಕೊಂಡಳು.

ಇನ್ನು ಕ್ಯಾನ್ಸಸ್ ವಿಷಯ. 1820ರ ಗೆರೆಗೆ ಇದು ಉತ್ತರಕ್ಕಿದೆ, ಅಂದರೆ 34 ವರ್ಷ ಇಲ್ಲಿ ಗುಲಾಮಗಿರಿ ಬೇಡ ಅನ್ನುವುದೇ ಕಾನೂನು. ಇಲಿನಾಯ್‌ನ ಸೆನೆಟರ್ ಸ್ಟೀಫನ್ ಡಗ್ಲಸ್‌ಗೆ ಶಿಕಾಗೋದಿಂದ ಪಶ್ಚಿಮಕ್ಕೆ ರೈಲು ಬೇಕಿತ್ತು. ರೈಲು ಹೋಗಬೇಕಾದರೆ ನಡುವಿನ ಈ ಪ್ರದೇಶಕ್ಕೆ ಒಂದು ಸರ್ಕಾರ ಬೇಕು, ಅದಕ್ಕೆ ದಕ್ಷಿಣದವರ ವೋಟು ಬೇಕು. ಹಳೆಯ ಗೆರೆಯನ್ನು ಅಳಿಸಿ, "ಅಲ್ಲಿ ನೆಲೆಸುವ ಜನರೇ ತೀರ್ಮಾನ ಮಾಡಲಿ" ಅಂದ. 1854ರ ಮೇ 30ಕ್ಕೆ ಅಧ್ಯಕ್ಷ ಪಿಯರ್ಸ್ ಸಹಿ ಹಾಕಿದರು.

ಮೊದಲ ಸಲ ಓದಿದಾಗ ಡಗ್ಲಸ್ ಮಾತು ನನಗೆ ಸರಿಯೇ ಅನ್ನಿಸಿತ್ತು. ಜನ ತೀರ್ಮಾನಿಸಲಿ ಅಂದರೆ ತಪ್ಪೇನಿದೆ? ಪ್ರಜಾಪ್ರಭುತ್ವ ಅಂದರೆ ಅದೇ ಅಲ್ವಾ? ಆದರೆ "ಜನ" ಅಂದರೆ ಯಾರು ಅನ್ನುವುದು ಮೊದಲೇ ತೀರ್ಮಾನ ಆಗಿಹೋಗಿತ್ತು. ಬಿಳಿಯ ಗಂಡಸರು. ಯಾರನ್ನು ಕೊಳ್ಳಬೇಕು ಮಾರಬೇಕು ಅಂತ ಮಾತು ನಡೆದಿತ್ತೋ ಅವರಿಗೆ ವೋಟಿಲ್ಲ. ಈ ನೆಲದಲ್ಲಿ ಇದ್ದ ಕಾನ್ಸಾ, ಶಾನೀ, ಡೆಲವೇರ್ ಮೂಲನಿವಾಸಿ ಜನರನ್ನು ಯಾರೂ ಕೇಳಲಿಲ್ಲ. ಶಾನೀಗಳನ್ನು ಪೂರ್ವದಿಂದ ಇಲ್ಲಿಗೆ ಅಟ್ಟುವಾಗ ಇದು ನಿಮ್ಮದೇ ಅಂತ ಮಾತು ಕೊಟ್ಟಿದ್ದರು. 1854ರ ಒಪ್ಪಂದದಲ್ಲಿ ಅವರ ಸುಮಾರು 16 ಲಕ್ಷ ಎಕರೆಯಲ್ಲಿ 2 ಲಕ್ಷ ಮಾತ್ರ ಉಳಿಯಿತು.

ವೋಟಿನ ದಿನ ಆದದ್ದಾದರೂ ಏನು? ಆ ಮಾರ್ಚ್ 30ಕ್ಕೆ ಮುಂಚೆ ಜನಗಣತಿ ಮಾಡಿದ್ದರು, ಇಡೀ ಪ್ರದೇಶದಲ್ಲಿ 2,905 ಮತದಾರರು. ಬಿದ್ದ ವೋಟು 6,307. ಮಿಸೌರಿಯಿಂದ ಗಾಡಿ ಕಟ್ಟಿಕೊಂಡು, ಕುದುರೆ ಮೇಲೆ, ಬಂದೂಕು ಹಿಡಿದು, ಗುಲಾಮಗಿರಿ ಬೇಕು ಅನ್ನುವ ಸಾವಿರಾರು ಜನ ಗಡಿ ದಾಟಿ ಬಂದು ವೋಟ್ ಹಾಕಿ ಸಂಜೆಗೆ, ಮಾರನೆ ದಿನಕ್ಕೆ ವಾಪಸ್ ಹೋದರು. ಮುಂದೆ ನಿಂತು ಕಳಿಸಿದವರಲ್ಲಿ ಮಿಸೌರಿಯ ಸೆನೆಟರ್ ಆಗಿದ್ದ ಡೇವಿಡ್ ಅಚಿಸನ್ ಒಬ್ಬ. ಗುಲಾಮಗಿರಿ ಬೇಡ ಅನ್ನುವವರು ಮ್ಯಾಸಚೂಸೆಟ್ಸ್‌ನಿಂದ ಬಂದು ಕಟ್ಟಿದ್ದ ಲಾರೆನ್ಸ್ ಊರಲ್ಲಿ 369 ಮತದಾರರಿದ್ದರು, ಅಲ್ಲಿ 1,034 ವೋಟು ಬಿತ್ತು. ಎಣಿಕೆ ಮಾಡಿದವರಿಗೂ ಗೊತ್ತು, ಗವರ್ನರ್‌ಗೂ ಗೊತ್ತು. ಕೆಲವೇ ಕಡೆ ಮರುಚುನಾವಣೆ ಮಾಡಿ ಉಳಿದದ್ದನ್ನು ಹಾಗೇ ಒಪ್ಪಿಕೊಂಡರು.

ಹೀಗೆ ಗೆದ್ದ ಶಾಸನಸಭೆ ಸೇರಿದ ಜಾಗಕ್ಕೇ ನಾನು ನಿನ್ನೆ ಹೋಗಿದ್ದು. ಶಾನೀ ಇಂಡಿಯನ್ ಮಿಷನ್, ನಮ್ಮ ಮನೆಗೆ ಹತ್ತಿರವೇ, ಸ್ಟೇಟ್ ಲೈನ್‌ಗೂ ಹತ್ತಿರ. ಹಳೆಯ ಇಟ್ಟಿಗೆ ಕಟ್ಟಡಗಳು, ಸುತ್ತ ಹುಲ್ಲು. ಮೂಲನಿವಾಸಿ ಮಕ್ಕಳನ್ನು ತಂದಿಟ್ಟು ಓದಿಸಿ ಕೆಲಸ ಮಾಡಿಸುತ್ತಿದ್ದ ಶಾಲೆ ಅದು. ನಡೆಸುತ್ತಿದ್ದ ಪಾದ್ರಿ ಥಾಮಸ್ ಜಾನ್ಸನ್ ಅಲ್ಲೇ ಗುಲಾಮರನ್ನೂ ಇಟ್ಟುಕೊಂಡಿದ್ದ. ನಮ್ಮ ಜಾನ್ಸನ್ ಕೌಂಟಿಗೆ ಅವನದೇ ಹೆಸರು. ಆರು ವರ್ಷದಿಂದ ಪ್ರತಿ ಕಾಗದದ ಮೇಲೆ, ಟ್ಯಾಕ್ಸ್ ಚೀಟಿಯ ಮೇಲೆ ಆ ಹೆಸರು ನೋಡಿದ್ದೇನೆ, ಯಾರು ಅಂತ ಕೇಳಿರಲಿಲ್ಲ.

1855ರ ಬೇಸಿಗೆಯಲ್ಲಿ ಇಲ್ಲಿ ಕೂತು ಮಾಡಿದ ಕಾನೂನುಗಳಲ್ಲಿ ಒಂದನ್ನು ಹೇಳುತ್ತೇನೆ. ಈ ಪ್ರದೇಶದಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ ಅಂತ ಬಾಯಲ್ಲಿ ಹೇಳಿದರೂ, ಬರೆದರೂ ಕನಿಷ್ಠ 2 ವರ್ಷ ಕಠಿಣ ಸಜೆ. ಗುಲಾಮರನ್ನು ದಂಗೆ ಎಬ್ಬಿಸಿದರೆ ಸಾವು. ಆ ಕಾನೂನು ಜಾರಿಯಾದ ಸೆಪ್ಟೆಂಬರ್ 15ರಂದೇ ಲಾರೆನ್ಸಿನ ಕ್ಯಾನ್ಸಸ್ ಟ್ರಿಬ್ಯೂನ್ ಪತ್ರಿಕೆ, ಯಾರಿಗೂ ಹಕ್ಕಿಲ್ಲ ಅನ್ನುವುದನ್ನೇ ದಪ್ಪ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿತು. ನಿನ್ನೆ ಆ ಹುಲ್ಲಿನ ಮೇಲೆ ನಿಂತು ಅವರ ಧೈರ್ಯ ನೆನೆದು ಕಣ್ಣು ತುಂಬಿತು.

ಆದರೆ ಈ ಕಡೆಯವರನ್ನೂ ಬರೀ ಹೊಗಳಲು ನನಗೆ ಆಗುವುದಿಲ್ಲ. ಅದೇ 1855ರ ಡಿಸೆಂಬರ್‌ನಲ್ಲಿ ಗುಲಾಮಗಿರಿ ವಿರೋಧಿಗಳು ಟೊಪೀಕಾದಲ್ಲಿ ಬರೆದ ಸಂವಿಧಾನವನ್ನು ವೋಟಿಗೆ ಹಾಕಿದಾಗ, ಜೊತೆಗೆ ಇನ್ನೊಂದನ್ನೂ ಕೇಳಿದರು: ಸ್ವತಂತ್ರರಾದ ಕಪ್ಪು ಜನರನ್ನು ಒಳಗೆ ಬಿಡಬೇಕಾ? ಬೇಡ ಅನ್ನುವವರೇ ಭಾರೀ ಅಂತರದಲ್ಲಿ ಗೆದ್ದರು. ಹೆಚ್ಚಿನವರಿಗೆ ಗುಲಾಮಗಿರಿ ಬೇಡವಾಗಿದ್ದು ತಮ್ಮ ಜಮೀನಿಗೆ, ತಮ್ಮ ಕೂಲಿಗೆ ಪೆಟ್ಟು ಬೀಳುತ್ತದೆ ಅಂತ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ನಡೆದುಬಂದೆ.

1856ರ ಮೇ ತಿಂಗಳಲ್ಲಿ ಎಲ್ಲವೂ ಒಂದೇ ವಾರದಲ್ಲಿ ಸಿಡಿಯಿತು. 21ಕ್ಕೆ ಮಿಸೌರಿಯವರು ಸೇರಿದ್ದ ಪಡೆ ಲಾರೆನ್ಸ್‌ಗೆ ನುಗ್ಗಿ ಫ್ರೀ ಸ್ಟೇಟ್ ಹೋಟೆಲನ್ನು ಸುಟ್ಟಿತು, ಪತ್ರಿಕೆಗಳ ಅಚ್ಚಿನ ಯಂತ್ರ ಒಡೆದುಹಾಕಿತು. 22ಕ್ಕೆ ವಾಷಿಂಗ್ಟನ್ನಿನಲ್ಲಿ, ಕ್ಯಾನ್ಸಸ್‌ನಲ್ಲಿ ಗುಲಾಮಗಿರಿ ಬೇಡ ಅಂತ ಎರಡು ದಿನ ಮಾತಾಡಿದ್ದ ಸೆನೆಟರ್ ಚಾರ್ಲ್ಸ್ ಸಮ್ನರ್ ತಮ್ಮ ಮೇಜಿನ ಮುಂದೆ ಕೂತಿದ್ದಾಗ, ದಕ್ಷಿಣ ಕೆರೊಲೈನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಕೈಗೋಲಿನಿಂದ ರಕ್ತ ಬರುವಂತೆ ಬಡಿದ. 24ರ ರಾತ್ರಿ ಗುಲಾಮಗಿರಿಯ ಉಗ್ರ ವಿರೋಧಿ ಜಾನ್ ಬ್ರೌನ್ ಮತ್ತು ಅವನ ಜೊತೆಗಾರರು ಪೊಟ್ಟವಾಟಮಿ ಹಳ್ಳದ ದಂಡೆಯಲ್ಲಿ ಗುಲಾಮಗಿರಿ ಪರದ ಐದು ಜನರನ್ನು ಮನೆಯಿಂದ ಎಳೆದು ಕತ್ತಿಯಿಂದ ಕೊಂದರು. ಮುಂದಿನ ವರ್ಷ, ಬಿಡುಗಡೆ ಕೇಳಿ ಕೋರ್ಟಿಗೆ ಹೋಗಿದ್ದ ಗುಲಾಮ ಡ್ರೆಡ್ ಸ್ಕಾಟ್‌ನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ, 1820ರ ಗೆರೆಯೇ ಅಸಿಂಧು ಅಂದಿತು.

ನನಗೆ ಇವರೆಲ್ಲರಿಗಿಂತ ಜಾಸ್ತಿ ನೆನಪಿನಲ್ಲಿ ಉಳಿದವನು ಜಿಮ್ ಡೇನಿಯಲ್ಸ್. ಇಲ್ಲಿಂದ ದಕ್ಷಿಣಕ್ಕೆ, ಮಿಸೌರಿಯ ವರ್ನನ್ ಕೌಂಟಿಯಲ್ಲಿ ಗುಲಾಮನಾಗಿದ್ದ. 1858ರ ಡಿಸೆಂಬರ್‌ನಲ್ಲಿ ಅವನನ್ನೂ ಹೆಂಡತಿ ಮಕ್ಕಳನ್ನೂ ಮಾರಿಬಿಡುತ್ತಾರೆ ಅಂತ ಗೊತ್ತಾಯಿತು. ಪೊರಕೆ ಮಾರುವ ನೆಪದಲ್ಲಿ ಗಡಿ ದಾಟಿ ಬಂದು ಬ್ರೌನ್‌ನ ಕಡೆಯವರನ್ನು ಹುಡುಕಿ ಸಹಾಯ ಕೇಳಿದ. ಎಂಥ ಧೈರ್ಯ ಬೇಕು ಅದಕ್ಕೆ! ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಮಾರನೆ ರಾತ್ರಿ ಬ್ರೌನ್ ಮತ್ತು ಜೊತೆಗಾರರು ಗಡಿ ದಾಟಿ ಹೋಗಿ 11 ಜನರನ್ನು ಬಿಡಿಸಿ ತಂದರು. ಆ ದಾಳಿಯಲ್ಲಿ ಒಬ್ಬ ಮಾಲೀಕ ಸತ್ತ. ಕೊರೆಯುವ ಚಳಿಗಾಲದಲ್ಲಿ ಕ್ಯಾನ್ಸಸ್, ನೆಬ್ರಾಸ್ಕಾ, ಅಯೋವಾ ದಾಟಿ ನಡೆದರು. ದಾರಿಯಲ್ಲಿ ಒಂದು ಮಗು ಹುಟ್ಟಿತು. 1859ರ ಮಾರ್ಚ್ 12ಕ್ಕೆ ಡೆಟ್ರಾಯಿಟ್‌ನಿಂದ ದೋಣಿ ಹತ್ತಿ ಕೆನಡಾ ಸೇರಿದಾಗ 12 ಜನ ಆಗಿದ್ದರು. 1855ರಲ್ಲಿ ಇದೇ ಗಡಿ ದಾಟಿ ಬಂದ ಸಾವಿರಾರು ಜನರ ಹತ್ತಿರ ಬಂದೂಕಿತ್ತು, ಜಿಮ್ ಕೈಯಲ್ಲಿ ಪೊರಕೆ.

ಕ್ಯಾನ್ಸಸ್ ಕೊನೆಗೆ 1861ರ ಜನವರಿ 29ಕ್ಕೆ ಗುಲಾಮಗಿರಿ ಇಲ್ಲದ ರಾಜ್ಯವಾಯಿತು. ಏಪ್ರಿಲ್ 12ಕ್ಕೆ ದಕ್ಷಿಣ ಕೆರೊಲೈನಾದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿ ಅಂತರ್ಯುದ್ಧ ಶುರುವಾಯಿತು. ಇಲ್ಲಿನ ಜನಕ್ಕೆ ಅದು ಆರು ವರ್ಷದ ಹಿಂದೆಯೇ ಶುರುವಾಗಿತ್ತು.

ರಾತ್ರಿ ಹತ್ತೂವರೆ. ಮಗಳು ಮಲಗಿದ್ದಾಳೆ, ನಕ್ಷೆ ನಾಳೆ ಶಾಲೆಗೆ ವಾಪಸ್ ಹೋಗಬೇಕು, ಅದರ ಫೋಟೋ ತೆಗೆದಿಟ್ಟುಕೊಂಡೆ. ಮುಂದಿನ ಶನಿವಾರ ಸ್ಟೇಟ್ ಲೈನ್ ದಾಟಿ ದಕ್ಷಿಣಕ್ಕೆ ಮಿಸೌರಿಯ ಬಟ್ಲರ್ ಊರಿನ ಕಡೆಗೆ, ಐಲ್ಯಾಂಡ್ ಮೌಂಡ್‌ಗೆ ಹೋಗಬೇಕು ಅಂತಿದ್ದೇನೆ. 1862ರ ಅಕ್ಟೋಬರ್ 29ರಂದು ಕ್ಯಾನ್ಸಸ್‌ನ ಕಪ್ಪು ಸೈನಿಕರ ಪಡೆ ಅಲ್ಲಿ ಕಾದಾಡಿತು. ಅವರಲ್ಲಿ ಎಷ್ಟೋ ಜನ ಮಿಸೌರಿಯಿಂದ ತಪ್ಪಿಸಿಕೊಂಡು ಬಂದವರೇ. ಈ ಸಲ ಅವರು ಗೆರೆಯನ್ನು ಆ ಕಡೆಗೆ ದಾಟಿದ್ದರು, ಕೈಯಲ್ಲಿ ಬಂದೂಕು ಹಿಡಿದು.