ಎಂಜಿನ್ ಆಯಿಲ್ ಸೋರಿಕೆ: ಗೇರ್‌ಬಾಕ್ಸ್ ಇಳಿಸಬೇಕೇ, ಕಾಯಬಹುದೇ?

ಓಡೋಮೀಟರ್‌ನಲ್ಲಿ 1,12,340 ಕಿ.ಮೀ.

ಸರ್ವಿಸ್‌ಗೆ ಬಿಟ್ಟಿದ್ದ ಕಾರನ್ನು ತರಲು ಹೋದಾಗ ಮೆಕ್ಯಾನಿಕ್ ಕೆಳಗೆ ಕರೆದೊಯ್ದು ಟಾರ್ಚ್ ಹಿಡಿದರು. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿನ ಕೆಳತುದಿಯಲ್ಲಿ ಒಂದು ಕಪ್ಪು ಹನಿ ನೇತಾಡುತ್ತಿತ್ತು. "ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಹೋಗಿದೆ ಸರ್, ಗೇರ್‌ಬಾಕ್ಸ್ ಇಳಿಸಲೇಬೇಕು" ಎಂದರು. ಕ್ರ್ಯಾಂಕ್ ಎಂದರೆ ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡ. ಆ ಸೀಲ್ ಅದರ ಸುತ್ತ ಎಣ್ಣೆ ತಡೆಯುವ ಒಂದು ರಬ್ಬರ್ ಬಳೆ, ಅಷ್ಟೇ. ಅದಕ್ಕೆ ಹೆಚ್ಚು ದುಡ್ಡಿಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮೂರನ್ನೂ ಬಿಚ್ಚಬೇಕು. ಖರ್ಚೆಲ್ಲ ಆ ಕೂಲಿಯದ್ದೇ.

ಸ್ವಲ್ಪ ದಿನ ನೋಡಿ ಹೇಳುತ್ತೇನೆ ಎಂದು ಬಂದೆ. ಅವರ ಮೇಲೆ ಅಪನಂಬಿಕೆ ಇದ್ದು ಹಾಗೆ ಹೇಳಿದ್ದಲ್ಲ. ಮಾಡು ಸೋರುವಾಗ ಹೆಂಚು ಒಡೆದಿರುವುದು ಒಂದು ಕಡೆ, ನೀರು ಬೀಳುವುದು ಇನ್ನೊಂದು ಕಡೆ. ಎಂಜಿನ್‌ನಲ್ಲೂ ಹಾಗೆಯೇ. ಎಣ್ಣೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ, ಕೊನೆಗೆ ತೀರಾ ತಗ್ಗಿನ ಜಾಗದಲ್ಲಿ ಹನಿಯಾಗುತ್ತದೆ. ಆ ಸಂದಿನ ಕೆಳತುದಿ ಅಂಥದ್ದೇ ಜಾಗ. ಮೇಲೆ ಎಲ್ಲಿ ಸೋರಿದರೂ ಅಲ್ಲಿಗೇ ಬಂದು ಸೇರಬಹುದು.

1,12,348

ಇಡೀ ಭಾನುವಾರ ತೊಳೆಯುವುದರಲ್ಲೇ ಹೋಯಿತು. ಹಳೆಯ ಜಿಡ್ಡಿನ ಮೇಲೆ ಹೊಸ ಸೋರಿಕೆಯನ್ನು ಹುಡುಕಲು ಆಗದು. ತಣ್ಣಗಿದ್ದ ಎಂಜಿನ್‌ನಲ್ಲಿ ಆಲ್ಟರ್ನೇಟರ್‌ಗೂ ವೈರಿಂಗ್ ಕನೆಕ್ಟರ್‌ಗಳಿಗೂ ಪ್ಲಾಸ್ಟಿಕ್ ಚೀಲ ಕಟ್ಟಿ, ಡಿಗ್ರೀಸರ್ ಸಿಂಪಡಿಸಿ, ಹಳೆಯ ಟೂತ್‌ಬ್ರಷ್‌ನಿಂದ ಮೂಲೆ ಮೂಲೆ ಉಜ್ಜಿದೆ. ನೀರನ್ನು ಜೋರಾಗಿ ಬಿಡಲಿಲ್ಲ, ಮಗ್‌ನಿಂದ ಸ್ವಲ್ಪ ಸ್ವಲ್ಪವೇ ಸುರಿದೆ. ಕಾರಿನ ಅಡಿಗೆ ಹೋಗುವ ಮುಂಚೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಅಡ್ಡ ಇಟ್ಟೆ. ಬರೀ ಜ್ಯಾಕ್ ನಂಬಿ ಯಾರೂ ದಯವಿಟ್ಟು ಅಡಿಗೆ ಹೋಗಬೇಡಿ.

ಒಣಗಿದ ಮೇಲೆ ಸಂಶಯವಿದ್ದ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ಉದುರಿಸಿದೆ: ಟ್ಯಾಪೆಟ್ ಕವರ್‌ನ (ಎಂಜಿನ್ನಿನ ನೆತ್ತಿಯ ಮುಚ್ಚಳ) ಅಂಚು, ಆಯಿಲ್ ಪ್ರೆಷರ್ ಸ್ವಿಚ್, ಫಿಲ್ಟರ್ ಬುಡ, ಆಯಿಲ್ ಚೇಂಬರ್‌ನ ಸುತ್ತು, ಗೇರ್‌ಬಾಕ್ಸ್ ಸಂದು. ರಾತ್ರಿ ಅಡಿಯಲ್ಲಿ ಒಂದು ರಟ್ಟು ಹಾಸಿ, ಎಂಜಿನ್ನಿನ ಮುಂಭಾಗ ಯಾವ ಕಡೆ ಎಂದು ಪೆನ್ನಿನಿಂದ ಬಾಣ ಬರೆದಿಟ್ಟೆ.

1,12,410

ಮೂರು ರಾತ್ರಿಯ ರಟ್ಟು ನೋಡಿದರೆ ದಿನಕ್ಕೆ ನಾಲ್ಕು ಹನಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಬಣ್ಣ ಕಂದು. ಮೂಸಿ ನೋಡಿದೆ, ಗಂಧಕದ ಘಾಟು ಇಲ್ಲ. ಗೇರ್ ಆಯಿಲ್ ಆಗಿದ್ದರೆ ಆ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗೇರ್‌ಬಾಕ್ಸ್ ಒಳಗಿನ ಶಾಫ್ಟ್ ಸೀಲ್ ಸೋರಿದರೂ ಇದೇ ಸಂದಿನಿಂದ ಇಳಿಯುತ್ತದೆ, ಹಾಗಾಗಿ ಮೂಸುವುದನ್ನು ಬಿಡಬಾರದು.

ನಾಲ್ಕು ಹನಿ ಎಂದರೆ ಎಷ್ಟು? ಸೂಜಿ ತೆಗೆದ ಸಿರಿಂಜ್‌ಗೆ 1 ಮಿಲೀ ಆಯಿಲ್ ಎಳೆದು ಒಂದೊಂದೇ ಹನಿ ಬೀಳಿಸಿ ಎಣಿಸಿದೆ. 35ರ ಆಸುಪಾಸು ಬಂತು. ಆ ಲೆಕ್ಕದಲ್ಲಿ ರಾತ್ರಿ ನಾಲ್ಕು ಹನಿ ವರ್ಷಕ್ಕೆ ಸುಮಾರು 40 ಮಿಲೀ, ಒಂದು ಚಿಕ್ಕ ಕಾಫಿ ಲೋಟವೂ ತುಂಬದು. ರಟ್ಟಿನ ಮೇಲೆ ಮಾತ್ರ ಒಂದೊಂದು ಹನಿಯೂ ಅಗಲವಾಗಿ ಹರಡಿ ಹೆದರಿಸುತ್ತದೆ.

ಆದರೆ ಇದು ನಿಂತ ಕಾರಿನ ಲೆಕ್ಕ. ಎಂಜಿನ್ ಓಡುವಾಗ ಎಣ್ಣೆ ಬಿಸಿಯಾಗಿ ತೆಳುವಾಗಿರುತ್ತದೆ, ಆಗ ಸೋರಿದ್ದು ರಟ್ಟಿಗೆ ಕಾಣುವುದಿಲ್ಲ. ಅದಕ್ಕೆ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ಕೇ ಸಾಕ್ಷಿ. ನನ್ನ ಪುಸ್ತಕದ ಪ್ರಕಾರ ಹಿಂದಿನ ಸರ್ವಿಸ್‌ನಿಂದ ಈಚೆಗೆ 8,000 ಕಿ.ಮೀ.ನಲ್ಲಿ ಮಟ್ಟ ಮೇಲಿನ ಗೆರೆಯಿಂದ ಅರ್ಧಕ್ಕೆ ಇಳಿದಿತ್ತು. ಎರಡು ಗೆರೆಗಳ ನಡುವೆ ಬಹುತೇಕ ಕಾರುಗಳಲ್ಲಿ ಸುಮಾರು 1 ಲೀಟರ್ ಇರುತ್ತದೆ, ಅಂದರೆ ಇಲ್ಲಿ ಹೋದದ್ದು ಅರ್ಧ ಲೀಟರ್. ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯಿಲ್ಲ. ಎಲ್ಲವೂ ಸುಟ್ಟುಹೋಗಿರಲಾರದು, ದಾರಿಯಲ್ಲೂ ಸೋರುತ್ತಿರಬಹುದು.

ಆಮೇಲೆ ಪೌಡರ್ ನೋಡಲು ಕೂತೆವು. ನಾನು ಕೆಳಗಿನಿಂದ ಸಂದನ್ನೇ ದಿಟ್ಟಿಸುತ್ತಿದ್ದೆ. ಮೇಲಿನಿಂದ ಟಾರ್ಚ್ ಹಿಡಿದಿದ್ದ ಮಗಳು, "ಅಪ್ಪಾ, ಇಲ್ಲಿ ಒಂದು ಗೆರೆ ಇದೆ ನೋಡಿ" ಎಂದಳು. ಟ್ಯಾಪೆಟ್ ಕವರ್‌ನ ಗೇರ್‌ಬಾಕ್ಸ್ ಕಡೆಯ ಮೂಲೆ. ಬಿಳಿ ಪೌಡರ್ ಅಲ್ಲಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ಬೆರಳಿನಷ್ಟು ಅಗಲದ ಒದ್ದೆ ಗೆರೆ ಹೆಡ್‌ನ ಪಕ್ಕದಲ್ಲಿ ಇಳಿದು, ಬ್ಲಾಕ್ ಮೇಲೆ ವಾಲಿ, ನೇರವಾಗಿ ಆ ಸಂದಿಗೆ ಸೇರಿತ್ತು. ಕ್ರ್ಯಾಂಕ್ ಸೀಲ್‌ನ ಎಣ್ಣೆ ಎಂಜಿನ್ನಿನ ಹೊರಮೈ ಹತ್ತಿಕೊಂಡು ಅಷ್ಟು ಮೇಲಕ್ಕೆ ಹೋಗಲು ಸಾಧ್ಯವೇ ಇಲ್ಲ. ಆ ಗೆರೆ ನೋಡಿ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

1,12,455

ಟ್ಯಾಪೆಟ್ ಕವರ್‌ನ ಪ್ಯಾಕಿಂಗ್, ಅಂದರೆ ಅದರ ಸಂದು ಮುಚ್ಚುವ ಪಟ್ಟಿ, ಬದಲಿಸುವ ಮುಂಚೆ ಇನ್ನೊಂದು ವಿಷಯ ನೋಡಬೇಕಿತ್ತು. ಎಂಜಿನ್‌ಗೆ ಉಸಿರಾಡಲು ಇರುವ ಪಿಸಿವಿ ವಾಲ್ವ್ ಕಟ್ಟಿಕೊಂಡರೆ ಒಳಗಿನ ಗಾಳಿಗೆ ಹೊರಹೋಗಲು ದಾರಿಯಿರುವುದಿಲ್ಲ. ಆ ಒತ್ತಡ ಎಣ್ಣೆಯನ್ನು ಪ್ಯಾಕಿಂಗ್, ಸೀಲ್‌ಗಳಿಂದ ಹೊರಕ್ಕೆ ದಬ್ಬುತ್ತದೆ. ಎಂಜಿನ್ ಐಡಲ್‌ನಲ್ಲಿಟ್ಟು, ಆಯಿಲ್ ಹಾಕುವ ಮುಚ್ಚಳ ತೆಗೆದು, ಅದರ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟೆ. ಸರಿಯಿದ್ದರೆ ಹಾಳೆ ಮೆಲ್ಲಗೆ ಒಳಕ್ಕೆ ಅಂಟಿಕೊಳ್ಳಬೇಕು. ನನ್ನದು ಮೇಲಕ್ಕೆ ಉಬ್ಬಿ ಪಟಪಟ ಬಡಿಯಿತು. ವಾಲ್ವ್ ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದರೆ ಸದ್ದೇ ಇಲ್ಲ. ಚೆನ್ನಾಗಿರುವುದು ಕಟಕಟ ಅನ್ನುತ್ತದೆ. ಹೊಸದು ಹಾಕಿದೆ. ಹಾಳೆ ಒಳಕ್ಕೆ ಅಂಟಿತು.

ಟ್ಯಾಪೆಟ್ ಕವರ್ ತೆಗೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯ ಪ್ಯಾಕಿಂಗ್ ಕೈಯಲ್ಲಿ ಬಾಗಿಸಿದರೆ ಒಣಕಡ್ಡಿಯಂತೆ ಮುರಿಯಿತು. ಉಬ್ಬಿರಬೇಕಾದ ಅದರ ಅಂಚು ಬಿಸಿಗೆ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಅಲ್ಯೂಮಿನಿಯಂ ಗೀರಬಾರದೆಂದು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಬಟ್ಟೆಯಿಂದ ಒರೆಸಿ, ಕೈಪಿಡಿ ಹೇಳಿದ ಎರಡು ಮೂಲೆಗಳಿಗೆ ಮಾತ್ರ ಒಂದೊಂದು ಚುಕ್ಕೆ ಸೀಲೆಂಟ್ ಇಟ್ಟು ಹೊಸದನ್ನು ಕೂರಿಸಿದೆ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ವ್ರೆಂಚ್‌ನಲ್ಲಿ 9 ನ್ಯೂಟನ್ ಮೀಟರ್. ಇದು ತೀರಾ ಕಡಿಮೆ ಬಿಗಿ. ಕೈಗೆ ಸಡಿಲ ಅನ್ನಿಸಿ ಇನ್ನೊಂದು ಸುತ್ತು ತಿರುಗಿಸಿದರೆ ಕವರ್ ಸೊಟ್ಟಗಾಗುತ್ತದೆ, ಸೋರಿಕೆ ಹೆಚ್ಚುತ್ತದೆ.

1,13,900

ಮತ್ತೆ ತೊಳೆದು, ಮತ್ತೆ ಪೌಡರ್ ಹಾಕಿ, ವಾರವಿಡೀ ರಟ್ಟು ಹಾಸಿದೆ. ಐದು ರಾತ್ರಿ ಒಂದೂ ಹನಿಯಿಲ್ಲ, ಎರಡು ರಾತ್ರಿ ಒಂದೊಂದು. ಮೇಲಿನ ಮೂಲೆ ಒಣಗಿದೆ. ಆದರೆ ಗೇರ್‌ಬಾಕ್ಸ್ ಸಂದಿನ ಕೆಳತುದಿಯಲ್ಲಿ ಉಗುರಿನಷ್ಟು ಜಾಗ ಒದ್ದೆ, ಅದರ ಮೇಲೆ ಎಲ್ಲೂ ಗೆರೆಯಿಲ್ಲ. ಅಂದರೆ ಕ್ರ್ಯಾಂಕ್‌ನ ಹಿಂದಿನ ಸೀಲ್ ಕೂಡ ಜಿನುಗುತ್ತಿದೆ. ಮೆಕ್ಯಾನಿಕ್ ಹೇಳಿದ್ದು ಪೂರ್ತಿ ತಪ್ಪಲ್ಲ, ಇದನ್ನು ಬರೆಯದಿದ್ದರೆ ಅವರಿಗೆ ಅನ್ಯಾಯ.

ಆದರೂ ಈಗ ಗೇರ್‌ಬಾಕ್ಸ್ ಇಳಿಸುವುದಿಲ್ಲ. ಜಿನುಗುವುದು ಬೇರೆ, ಸೋರುವುದು ಬೇರೆ. ಕ್ಲಚ್ ಪ್ಲೇಟ್ ಮೂಲದ್ದೇ, ಹೇಗೂ ಮುಂದೊಂದು ದಿನ ಬದಲಿಸಬೇಕು. ಆಗ ಗೇರ್‌ಬಾಕ್ಸ್ ಇಳಿದೇ ಇರುತ್ತದೆ, ಸೀಲ್ ಹಾಕಲು ಆ ಕೂಲಿ ಮತ್ತೆ ಕೊಡಬೇಕಿಲ್ಲ.

ಕಾಯಲೇಬಾರದ ಸೋರಿಕೆಗಳೂ ಇವೆ, ಅವುಗಳಲ್ಲಿ ಹನಿಯ ಲೆಕ್ಕ ಹಿಡಿದು ಕೂರಬಾರದು. ಎಂಜಿನ್ನಿನ ಹೊಗೆ ಹೊರಹೋಗುವ ಕಾದ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳುವ ಎಣ್ಣೆ ದಿನಕ್ಕೆ ಒಂದೇ ಹನಿಯಾದರೂ ಬೆಂಕಿಗೆ ದಾರಿ. ಸುಟ್ಟ ಎಣ್ಣೆಯ ವಾಸನೆ ಕಾರಿನ ಒಳಗೆ ಬಂದರೆ ಅಂದೇ ನೋಡಿಸಬೇಕು. ರಬ್ಬರ್ ಟೈಮಿಂಗ್ ಬೆಲ್ಟ್‌ಗೆ ಎಣ್ಣೆ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ, ಬೆಲ್ಟ್ ತುಂಡಾದರೆ ಹಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳೇ ಬಾಗುತ್ತವೆ. ಆಯಿಲ್ ಪ್ರೆಷರ್‌ನ ಕೆಂಪು ದೀಪ ಹತ್ತಿದರೆ ಎಂಜಿನ್ ಆರಿಸಿ ಅಲ್ಲೇ ನಿಲ್ಲಿಸಬೇಕು, ಮನೆಯವರೆಗೂ ಹೋಗೋಣ ಎನ್ನಬಾರದು. ನನ್ನ ಕಾರಿನ ಮಟ್ಟಿಗೆ ಇನ್ನೂ ಎರಡು: ಏರುದಾರಿಯಲ್ಲಿ ಎಂಜಿನ್ ಮೊರೆಯುತ್ತಿದ್ದರೂ ವೇಗ ಏರದೆ, ಸೀಲ್‌ನ ಎಣ್ಣೆ ತಾಗಿ ಕ್ಲಚ್ ಜಾರಿದರೆ, ಅಥವಾ ರಟ್ಟಿನ ಮೇಲಿನ ಹನಿ ವಾರದಿಂದ ವಾರಕ್ಕೆ ಹೆಚ್ಚಿದರೆ, ಕಾಯುವುದಿಲ್ಲ.

1,15,400

ಗ್ಯಾರೇಜಿಗೆ ಹೋಗಿ ರಟ್ಟುಗಳನ್ನೂ ಮುರಿದ ಪ್ಯಾಕಿಂಗನ್ನೂ ತೋರಿಸಿದೆ. ಮೆಕ್ಯಾನಿಕ್ ಪ್ಯಾಕಿಂಗ್ ತಿರುಗಿಸಿ ನೋಡಿ, ಕಾರಿನ ಅಡಿಗೆ ಹೋಗಿ ಸಂದಿಗೆ ಬೆರಳು ಹಚ್ಚಿ ಬಂದು, "ಇಷ್ಟೇ ಇದ್ದರೆ ಕ್ಲಚ್ ಜೊತೆಗೇ ಮಾಡೋಣ ಬಿಡಿ ಸರ್" ಎಂದರು. ಮೂರು ಸಾವಿರ ಕಿ.ಮೀ. ಆದ ಮೇಲೂ ಡಿಪ್‌ಸ್ಟಿಕ್ ಮಟ್ಟ ಮೇಲಿನ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿದೆ. ಸಮತಟ್ಟಾದ ನೆಲದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಎರಡು ಸಲ ಒರೆಸಿ ನೋಡಿದ್ದು. ಮುಂದಿನ ರಟ್ಟು 1,17,000ಕ್ಕೆ.