ಬದಿಯ ಮೇಜು

ರಜೆಯಲ್ಲಿ ನಮ್ಮ ಚರ್ಚ್‌ನಲ್ಲಿ ಐದು ದಿನ ಮಕ್ಕಳ ಸತ್ಯವೇದ ಶಾಲೆ ನಡೆಯುತ್ತದೆ. ಹಾಡು, ಕಥೆ, ಕೈಕೆಲಸ, ಆಟ, ನಡುವೆ ಒಂದು ಊಟ. ಈ ಸಲ ಊಟದ ಹೊಣೆಯನ್ನು ನಾನೇ ಕೇಳಿ ತೆಗೆದುಕೊಂಡೆ. ನಾಲ್ಕು ವರ್ಷದಿಂದ ಹನ್ನೆರಡು ವರ್ಷದವರೆಗಿನ 42 ಮಕ್ಕಳು, ಅಡುಗೆಮನೆಯಲ್ಲಿ ನಾವು ನಾಲ್ವರು. ಹೆಸರು ಬರೆಸುವಾಗಲೇ ಪ್ರತಿ ಮಗುವಿನ ಮುಂದೆ ಏನು ತಿನ್ನಬಾರದು ಎಂದು ಕೇಳಿ ಬರೆದುಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದೆವು. ಬಹುತೇಕ ಕಡೆ ಆ ಜಾಗ ಖಾಲಿಯಾಗಿತ್ತು. ಎಂಟು ವರ್ಷದ ಒಬ್ಬ ಹುಡುಗನ ಹೆಸರಿನ ಮುಂದೆ ಮಾತ್ರ ಅವನ ತಾಯಿ ಕೆಂಪು ಶಾಯಿಯಲ್ಲಿ ‘ಶೇಂಗಾ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು.

ಮೊದಲ ದಿನ ಆ ತಾಯಿ ಬೇಗನೆ ಬಂದರು. ಅಲರ್ಜಿ ತೀವ್ರವಾದಾಗ ಕೊಡುವ ಎಪಿನೆಫ್ರಿನ್ ಚುಚ್ಚುಮದ್ದಿನ ಪೆನ್ ತೋರಿಸಿದರು. ಉಸಿರಿಗೆ ತೊಂದರೆಯಾದರೆ, ತುಟಿ ಅಥವಾ ಗಂಟಲು ಊದಿಕೊಂಡರೆ ತೊಡೆಯ ಹೊರಬದಿಗೆ ಒತ್ತಿ ಹಿಡಿಯಬೇಕು, ಬಟ್ಟೆಯ ಮೇಲಿಂದಲೇ ಆಗುತ್ತದೆ, ಕೂಡಲೇ ಆಂಬುಲೆನ್ಸ್ ಕರೆಯಬೇಕು, ಚುಚ್ಚಿದ ಮೇಲೆ ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು ಎಂದು ನಿಧಾನವಾಗಿ ಹೇಳಿಕೊಟ್ಟರು. ನಾನು ಅವರ ಮುಂದೆ ಎರಡು ಸಲ ಮಾಡಿ ತೋರಿಸಿದೆ. ಅವರ ಮುಖದಲ್ಲಿ ಗಾಬರಿ ಇರಲಿಲ್ಲ; ಇದನ್ನು ಎಷ್ಟೋ ಮಂದಿಗೆ ಹೇಳಿ ಅಭ್ಯಾಸವಾದವರ ಸಹನೆ ಇತ್ತು. ಮಗನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೋದರು.

ಆ ದಿನದ ಊಟಕ್ಕೆ ಬ್ರೆಡ್ಡು, ಶೇಂಗಾದಿಂದಲೇ ಮಾಡುವ ಪೀನಟ್ ಬಟರ್, ಬಾಳೆಹಣ್ಣು. ಶಾಲೆ ಶುರುವಾಗುವ ವಾರದ ಮೊದಲೇ ಕೊಂಡು ತಂದದ್ದು. ನಾನು ಹೆದರಿದ್ದೆ. ಹಾಗಾಗಿ ಕಿಟಕಿಯ ಪಕ್ಕ ಒಂದು ಚಿಕ್ಕ ಮೇಜು ಹಾಕಿ, ಸಾಬೂನು ನೀರಿನಿಂದ ಒರೆಸಿ, ಅವನೊಬ್ಬನನ್ನೇ ಅಲ್ಲಿ ಕೂರಿಸಿದೆ. ‘ಇದು ನಿನ್ನ ವಿಶೇಷ ಮೇಜು’ ಎಂದೂ ಹೇಳಿದೆ. ಅವನು ತಲೆಯಾಡಿಸಿದ. ಉಳಿದ ಮಕ್ಕಳು ಉದ್ದ ಮೇಜುಗಳಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತು, ಬಾಳೆಹಣ್ಣಿನ ತುದಿಯನ್ನು ಯಾರಿಗೆ ಮೊದಲು ಸುಲಿಯಲು ಬರುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರು. ಅವನು ಕಿಟಕಿಯ ಹೊರಗೆ ನೋಡುತ್ತಾ ತಿಂದು ಮುಗಿಸಿದ. ಎಲ್ಲವೂ ಸುರಕ್ಷಿತವಾಗಿ ನಡೆಯಿತು ಎಂಬ ನೆಮ್ಮದಿಯಲ್ಲಿ ನಾನು ಮನೆಗೆ ಹೋದೆ.

ಎರಡನೆಯ ದಿನ ಅವನು ಡಬ್ಬಿ ತೆರೆಯಲೇ ಇಲ್ಲ. ‘ಹಸಿವಿಲ್ಲ, ಅಕ್ಕಾ’ ಎಂದ. ಬೆಳಗಿನಿಂದ ಓಡಾಡಿ ಬೆವರಿದ ಹುಡುಗ. ಪಕ್ಕದಲ್ಲಿ ಮಂಡಿಯೂರಿ ಕುಳಿತು ಮತ್ತೆ ಕೇಳಿದೆ. ಬಹಳ ಹೊತ್ತಿನ ಮೇಲೆ, ‘ನಾನು ತಪ್ಪು ಮಾಡಿದ್ದೇನೆ ಎಂದು ಅವರೆಲ್ಲ ತಿಳಿದುಕೊಂಡಿದ್ದಾರೆ’ ಎಂದ. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಗಲಾಟೆ ಮಾಡಿದ ಮಗುವನ್ನು ಬೇರೆ ಕೂರಿಸುವುದನ್ನು ಮಕ್ಕಳೆಲ್ಲರೂ ಕಂಡಿರುತ್ತಾರೆ. ಬೇರೆ ಕುಳಿತವನು ಏನೋ ಮಾಡಿರಬೇಕು ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ಅವನೂ ಕಲಿತಿದ್ದ.

ಪಂಕ್ತಿಭೇದ ಎಂಬ ಮಾತನ್ನು ನಾನು ಎಷ್ಟೋ ಸಲ ಸಿಟ್ಟಿನಿಂದ ಆಡಿದ್ದೇನೆ. ತಿರಸ್ಕಾರ ಇದ್ದಲ್ಲಿ ಮಾತ್ರ ಅದು ಹುಟ್ಟುತ್ತದೆ ಎಂದು ನಂಬಿದ್ದೆ. ಕಾಳಜಿಯ ಕೈಯಿಂದಲೂ ಅದು ನಡೆದುಹೋಗುತ್ತದೆ, ಆ ಕೈ ನನ್ನದೇ ಆಗಿತ್ತು.

ಸಂಜೆ ತಾಯಿ ಬಂದಾಗ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ನನ್ನನ್ನು ದೂರಲಿಲ್ಲ. ‘ಎಲ್ಲ ಕಡೆಯೂ ಹೀಗೆಯೇ ಮಾಡುತ್ತಾರೆ, ಅಕ್ಕಾ’ ಎಂದರು. ಸ್ವಲ್ಪ ತಡೆದು, ‘ಅವರೆಲ್ಲ ತಿನ್ನುವುದನ್ನು ಇವನು ತಿನ್ನಲಾರ. ಆದರೆ ಇವನು ತಿನ್ನುವುದನ್ನು ಅವರೆಲ್ಲರೂ ತಿನ್ನಬಹುದಲ್ಲವೇ?’ ಎಂದು ಕೇಳಿದರು.

ಇಷ್ಟು ಸರಳವಾದ ಮಾತು ನನಗೇಕೆ ಹೊಳೆದಿರಲಿಲ್ಲ ಎಂದು ಇಂದಿಗೂ ಯೋಚಿಸುತ್ತೇನೆ.

ಅಡುಗೆಮನೆಯಲ್ಲಿ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ನಮ್ಮಲ್ಲಿ ಹಿರಿಯರಾದ ಒಬ್ಬರು, ‘ಒಬ್ಬನಿಗಾಗಿ ನಲವತ್ತೊಂದು ಮಕ್ಕಳ ಊಟ ಬದಲಿಸಬೇಕೇ? ತಂದಿರುವ ಬಾಟಲಿಗಳನ್ನು ಏನು ಮಾಡುವುದು?’ ಎಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಸಭೆಯವರು ಕೊಟ್ಟ ಕಾಣಿಕೆಯ ಹಣ ಪೋಲಾಗಬಾರದು ಎಂಬ ಕಳಕಳಿ ಇತ್ತು. ಸಭಾಪಾಲಕರು ವಾದ ಮಾಡಲಿಲ್ಲ. ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯ ತೆರೆದು ಓದಿದರು. ಅಲ್ಲಿಯ ಸಭೆ ಊಟಕ್ಕೆ ಸೇರುತ್ತಿತ್ತು, ಆದರೆ ಕೆಲವರು ತಮ್ಮದನ್ನು ಮೊದಲೇ ತಿಂದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಪೌಲನಿಗೆ ಅದು ತಡೆಯಲಾರದ ನೋವು. ಊಟಕ್ಕೆ ಕೂಡುವಾಗ ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿರಿ ಎಂಬುದು ಅವನು ಕೊನೆಗೆ ಕೊಡುವ ಬುದ್ಧಿಮಾತು. ಕರ್ತನ ಭೋಜನದ ದಿನ ಆ ಅಧ್ಯಾಯವನ್ನು ಎಷ್ಟು ಸಲ ಕೇಳಿದ್ದೇನೋ. ತಟ್ಟೆ, ಚಮಚ, ಸಿಪ್ಪೆಗಳ ನಡುವೆ ನಿಂತು ಕೇಳಿದ್ದು ಅದೇ ಮೊದಲು. ಆ ಹಿರಿಯರು ಬೇರೇನೂ ಹೇಳದೆ ತೆರೆಯದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ತಮ್ಮ ಮನೆಗೆ ಒಯ್ದರು. ಅವುಗಳ ಹಣವನ್ನು ಮರುದಿನ ಕಾಣಿಕೆ ಡಬ್ಬಿಗೆ ಹಾಕಿದ್ದನ್ನು ನಾನು ನೋಡಿದೆ.

ಆ ರಾತ್ರಿ ಮೂವರು ಉಳಿದುಕೊಂಡು ಅಡುಗೆಮನೆ ತೊಳೆದೆವು. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ರೋಗಾಣುಗಳನ್ನು ಕೊಲ್ಲಬಹುದು, ಆದರೆ ಶೇಂಗಾದ ಪ್ರೋಟೀನನ್ನು ತೆಗೆಯುವುದಿಲ್ಲ. ಅದಕ್ಕೆ ಸಾಬೂನು ಹಾಕಿ ತಿಕ್ಕಿ ತೊಳೆಯಲೇಬೇಕು ಎಂದು ಆ ತಾಯಿ ಹೇಳಿದ್ದರು. ಚಾಕು, ಹಲಗೆ, ಮೇಜು, ಬಾಗಿಲ ಹಿಡಿ, ನಲ್ಲಿಯ ತಿರುಪು ಎಲ್ಲವನ್ನೂ ತಿಕ್ಕಿದೆವು. ಅಂಟು ಬಿಡದ ಒಂದು ಹಳೆಯ ಮರದ ಹಲಗೆಯನ್ನು ಎಸೆದುಬಿಟ್ಟೆವು. ಆಮೇಲೆ ಪೊಟ್ಟಣಗಳನ್ನು ಒಂದೊಂದಾಗಿ ದೀಪದ ಕೆಳಗೆ ಹಿಡಿದು ಓದಿದೆವು. ‘ಶೇಂಗಾದ ಅಂಶ ಇರಬಹುದು’ ಎಂಬ ಎಚ್ಚರಿಕೆಯನ್ನು ಅಚ್ಚು ಹಾಕುವುದು ಎಷ್ಟೋ ದೇಶಗಳಲ್ಲಿ ತಯಾರಕರ ಇಚ್ಛೆಗೆ ಬಿಟ್ಟದ್ದು. ಆ ಸಾಲು ಇಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ ಎಂಬುದನ್ನು ಅಂದು ಕಲಿತೆ. ತಾಯಿಗೆ ಫೋನ್ ಮಾಡಿ ಅವರ ಮನೆಯಲ್ಲಿ ಬಳಸುವ ಬ್ರೆಡ್ಡು ಯಾವುದೆಂದು ಕೇಳಿ, ಅದನ್ನೇ ತರಿಸಿದೆವು. ಜೊತೆಗೆ ಬೇಯಿಸಿದ ಮೊಟ್ಟೆ, ತರಕಾರಿ ಸೂಪು, ದ್ರಾಕ್ಷಿ. ನಾಲ್ಕೈದು ವರ್ಷದವರ ಗಂಟಲಿಗೆ ಇಡೀ ದ್ರಾಕ್ಷಿ ಸಿಕ್ಕಿಕೊಳ್ಳುವ ಅಪಾಯ ಇರುವುದರಿಂದ ಒಂದೊಂದನ್ನೂ ಉದ್ದಕ್ಕೆ ಸೀಳಿದೆವು. ಮುಗಿಯುವಾಗ ರಾತ್ರಿ ಬಹಳ ಆಗಿತ್ತು. ಬೆರಳುಗಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದವು.

ಮೂರನೆಯ ದಿನದ ಕಥೆ ಯೇಸು ಸಾವಿರಾರು ಜನರಿಗೆ ಉಣಿಸಿದ ಐದು ರೊಟ್ಟಿ, ಎರಡು ಮೀನುಗಳದು. ಮೊದಲೇ ಗೊತ್ತುಮಾಡಿದ್ದ ಪಾಠ ಅದು, ನಾವು ಆರಿಸಿದ್ದಲ್ಲ. ನಾಲ್ಕೂ ಸುವಾರ್ತೆಗಳಲ್ಲಿ ಬರುವ ಅದ್ಭುತ ಇದು, ಆದರೆ ರೊಟ್ಟಿ ತಂದವನು ಒಬ್ಬ ಹುಡುಗ ಎಂದು ಹೇಳುವವನು ಯೋಹಾನ ಒಬ್ಬನೇ. ಅವು ಜವೆಗೋಧಿಯ ರೊಟ್ಟಿಗಳು ಎಂದು ಹೇಳುವವನೂ ಅವನೇ. ಜವೆಗೋಧಿ ಆಗ ಬಡವರ ಧಾನ್ಯ. ಹುಲ್ಲಿನ ಹಸುರನ್ನು ನೆನಪಿನಲ್ಲಿಟ್ಟುಕೊಂಡವನು ಮಾರ್ಕ. ಜನರು ನೂರರ, ಐವತ್ತರ ಗುಂಪುಗಳಲ್ಲಿ ಕುಳಿತರು ಎಂದು ಅವನು ಬರೆಯುತ್ತಾನೆ. ಆ ಸಾಲು ಕೇಳಿದ್ದೇ ನಮ್ಮ ಪಾಠದ ಟೀಚರ್ ಮೇಜುಗಳನ್ನೆಲ್ಲ ಗೋಡೆಗೆ ಒತ್ತಿಸಿ, ಮಕ್ಕಳನ್ನು ಏಳೇಳು ಜನರ ಗುಂಪಾಗಿ ನೆಲದ ಮೇಲೆ ಕೂರಿಸಿದರು. ಬದಿಯ ಮೇಜೂ ಗೋಡೆ ಸೇರಿತು.

‘ಆ ಹುಡುಗನಿಗೂ ಊಟ ಸಿಕ್ಕಿತೇ?’ ಎಂದು ಒಂದು ಪುಟ್ಟ ಹುಡುಗಿ ಕೇಳಿದಳು. ತನ್ನ ರೊಟ್ಟಿಯನ್ನೆಲ್ಲ ಕೊಟ್ಟವನ ಕುರಿತು ಆ ಕಾಳಜಿ ನಮ್ಮಲ್ಲಿ ಯಾವ ದೊಡ್ಡವರಿಗೂ ಬಂದಿರಲಿಲ್ಲ. ಟೀಚರ್ ಪುಸ್ತಕ ನೋಡಿ, ‘ಎಲ್ಲರಿಗೂ ತೃಪ್ತಿಯಾಯಿತು ಎಂದಿದೆ, ಎಲ್ಲರೂ ಎಂದರೆ ಅವನೂ’ ಎಂದರು.

ಊಟ ಬಂತು. ಸಾಬೂನಿನಿಂದ ಕೈ ತೊಳೆಯಲು ಸಾಲು ನಿಲ್ಲಿಸಿ, ಅದರ ಕಾರಣವನ್ನೂ ಹೇಳಿದೆವು. ಹೇಳಲೇ ಎಂದು ಮೊದಲು ಆ ಹುಡುಗನನ್ನು ಕೇಳಿದ್ದೆ. ‘ನಾನೇ ಹೇಳುತ್ತೇನೆ’ ಎಂದು ಎದ್ದು ನಿಂತ. ಶೇಂಗಾ ತಿಂದರೆ ತನಗೆ ಉಸಿರಾಡಲು ಆಗುವುದಿಲ್ಲ, ಒಮ್ಮೆ ಆಸ್ಪತ್ರೆಯಲ್ಲಿ ಮಲಗಿದ್ದೆ ಎಂದ. ಮಕ್ಕಳ ಪ್ರಶ್ನೆಗಳು ಸುರಿದವು. ನೋವಾಯಿತೇ? ಸೂಜಿ ಎಷ್ಟು ಉದ್ದ? ಒಂದೇ ಒಂದು ಕಾಳು ತಿಂದರೂ ಹಾಗೆಯೇ? ಅವನು ಎಲ್ಲದಕ್ಕೂ ಗಂಭೀರವಾಗಿ ಉತ್ತರ ಕೊಟ್ಟ. ಆಮೇಲೆ ಬ್ರೆಡ್ಡಿನ ಪೊಟ್ಟಣ ಕೇಳಿ ತೆಗೆದುಕೊಂಡು, ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಕೊನೆಯವರೆಗೂ ಓದಿ, ‘ಇದು ಆಗುತ್ತದೆ’ ಎಂದ. ಎಲ್ಲರ ತಟ್ಟೆಯಲ್ಲಿದ್ದದ್ದೇ ಅವನ ತಟ್ಟೆಯಲ್ಲೂ ಇತ್ತು. ಎರಡು ಸಲ ಸೂಪು ಹಾಕಿಸಿಕೊಂಡ.

ಅವನ ಬೆರಳು ಸಾಲಿನಿಂದ ಸಾಲಿಗೆ ಇಳಿಯುವುದನ್ನು ನೋಡುತ್ತಾ ನನಗೆ ರಾಬರ್ಟ್ ರೈಕ್ಸ್ ನೆನಪಾದರು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಭಾನುವಾರದ ಶಾಲೆ ತೆರೆದ ಪತ್ರಿಕೆಯ ಒಡೆಯ. ವಾರವೆಲ್ಲ ದುಡಿಯುತ್ತಿದ್ದ ಮಕ್ಕಳಿಗೆ ಬಿಡುವು ಇದ್ದದ್ದು ಭಾನುವಾರ ಒಂದೇ. ಅಂದು ಅವರಿಗೆ ಕಲಿಸುತ್ತಿದ್ದ ಮುಖ್ಯ ವಿದ್ಯೆ ಓದುವುದು. ನಮ್ಮ ಈ ಹುಡುಗನಿಗೂ ಓದುವುದೆಂದರೆ ಬದುಕಿಕೊಳ್ಳುವುದು.

ನಮ್ಮ ಸತ್ಯವೇದದಲ್ಲಿ ಆದಿಸಭೆಯ ಜೀವನವನ್ನು ಹೇಳುವಾಗ ‘ಅನ್ಯೋನ್ಯತೆ’ ಎಂಬ ಮಾತು ಬರುತ್ತದೆ, ರೊಟ್ಟಿ ಮುರಿಯುವುದರ ಪಕ್ಕದಲ್ಲೇ. ಗ್ರೀಕಿನ ಮೂಲಪದ ಕೊಯಿನೋನಿಯ. ಎಲ್ಲರಿಗೂ ಸೇರಿದ್ದು ಎಂಬುದು ಅದರ ಬೇರು. ಕನ್ನಡದ ಪದ ನನಗೆ ಇನ್ನೂ ಇಷ್ಟ. ಅನ್ಯ, ಮತ್ತೆ ಅನ್ಯ: ಎರಡು ಸಲ ‘ಬೇರೆಯವನು’ ಎಂದು ಹೇಳಿಯೇ ಆ ಪದ ಹತ್ತಿರವಾಗುವುದನ್ನು ಹೇಳುತ್ತದೆ.

ನಾಲ್ಕನೆಯ ದಿನ ಮಳೆ. ಆಟ ನಿಂತಿತು, ಹಾಡು ಹೆಚ್ಚಾಯಿತು.

ಕೊನೆಯ ದಿನ ಒಬ್ಬ ಹುಡುಗಿಯ ಹುಟ್ಟುಹಬ್ಬ. ಎಲ್ಲರಿಗೂ ಹಂಚಲು ದೊಡ್ಡ ಪೊಟ್ಟಣದಲ್ಲಿ ಚಾಕೊಲೇಟ್ ತಂದಿದ್ದಳು. ಹೊರಗಿನ ತಿಂಡಿ ತರಬೇಡಿ ಎಂದು ಪೋಷಕರಿಗೆ ಹೇಳಿದ್ದೆವು, ಅವಳ ಮನೆಯವರು ಮರೆತಿದ್ದರು. ತಡೆಯಲು ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅವಳು ನೇರವಾಗಿ ಅವನ ಬಳಿಗೆ ಹೋಗಿದ್ದಳು. ಪೊಟ್ಟಣ ಇನ್ನೂ ಒಡೆದಿರಲಿಲ್ಲ. ಅವನು ಅದನ್ನು ತಿರುಗಿಸಿ ಓದತೊಡಗಿದ. ಬೆರಳು ಒಂದು ಸಾಲಿನಲ್ಲಿ ನಿಂತಿತು. ತಲೆ ಎತ್ತದೆಯೇ, ಆಗುವುದಿಲ್ಲ ಎಂಬಂತೆ ಆಡಿಸಿದ. ಅವಳು ಪೊಟ್ಟಣವನ್ನು ಚೀಲದೊಳಗೆ ಹಾಕಿ, ಜಿಪ್ ಎಳೆದು, ಚೀಲವನ್ನು ಬಾಗಿಲಾಚೆ ಮೊಳೆಗೆ ತೂಗುಹಾಕಿ ಬಂದಳು. ‘ದ್ರಾಕ್ಷಿ ಇದೆಯಲ್ಲ’ ಎಂದು ಅವನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು. ಪ್ರಾರ್ಥನೆ ಮುಗಿಸಿ ತಿನ್ನಲು ಶುರುಮಾಡುವ ಮೊದಲು ಮಕ್ಕಳು ನನ್ನನ್ನೂ ಕರೆದರು. ಅವರಿಬ್ಬರೂ ಸ್ವಲ್ಪ ಸರಿದು ನಡುವೆ ಜಾಗ ಮಾಡಿದರು.